ಹಬ್ಬ ಮುಗಿಯುವವರೆಗೆ ಕಾಯದ ಜೀವಕೋಶಗಳ ಪರವಾಗಿ ಕ್ಷಮಾಪಣೆ

ನಮ್ಮ ಆಸ್ಪತ್ರೆಯ ಪ್ರಯೋಗಾಲಯದ ಘನ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ತಾವು ಬೇಸಿಗೆಮನೆಯಿಂದ ಮೈಬಣ್ಣ ಕಂದಿಸಿಕೊಂಡು ಕ್ಷೇಮವಾಗಿ ಮರಳಿದ್ದೀರೆಂದು ತಿಳಿದು ಹರ್ಷವಾಯಿತು.

ಬಂದರಿನ ಹಡಗುಗಳಿಗೆ ದಾರಿ ತೋರಿಸುತ್ತಲೇ ತಲೆ ನರೆಸಿಕೊಂಡ ನನ್ನ ಗಂಡ ತೌನೊ, ಈ ಜೂನ್‌ನಲ್ಲಿ ನೆರೆಮನೆಯ ದಡಕ್ಕೆ ದೋಣಿ ಕಟ್ಟಿ, ನಮ್ಮದೇ ಮನೆಯೆಂದುಕೊಂಡು, ಅಲ್ಲಿಯ ಗೃಹಿಣಿಯನ್ನು "ಕಾಫಿ ಎಲ್ಲೇ?" ಎಂದು ಗದರಿದರು. ಆಕೆ ಕಾಫಿ ಕೊಟ್ಟು ನನಗೆ ಫೋನ್ ಮಾಡಿದಳು: "ಐರಾ, ನಿನ್ನ ಗಂಡ ಇಲ್ಲಿದ್ದಾನೆ. ನಗೋದೋ ಅಳೋದೋ ಗೊತ್ತಾಗ್ತಿಲ್ಲ ಕಣೆ."

ಆಸ್ಪತ್ರೆಯಲ್ಲಿ ತೆಗೆದ ಮಿದುಳಿನ ಸ್ಕ್ಯಾನ್‌ನಲ್ಲಿ ನೆರಳೊಂದು ಕಂಡಿತು, ಶಸ್ತ್ರವೈದ್ಯರು ಕೈಯಿಡಲು ಹೆದರುವಷ್ಟು ಆಳದಲ್ಲಿ. ಲಿಂಫೋಮಾ ಎಂಬ ಕ್ಯಾನ್ಸರ್ ಇರಬಹುದೆಂದು ಶಂಕಿಸಿದ ಡಾಕ್ಟರ್ ಹೆಲ್ಕಾ ಮೊಂತೊಲಾ, ಸೊಂಟಕ್ಕೆ ಸೂಜಿ ಹಾಕಿ ಬೆನ್ನುಹುರಿಯ ದ್ರವ ತೆಗೆದು, ಇದರ ಜೀವಕೋಶಗಳು ಬೇಗ ಸಾಯುತ್ತವೆ, ಕೂಡಲೇ ನೋಡಿ ಎಂದು ತಮ್ಮ ಪ್ರಯೋಗಾಲಯಕ್ಕೆ ಕಳುಹಿಸಿದರು. ಅಂದು, ನಾಡಿಗೆ ನಾಡೇ ರಜೆ ಹಾಕುವ ನಡುಬೇಸಿಗೆ ಹಬ್ಬದ ಮುನ್ನಾದಿನ. ತಾವು ನಮ್ಮ ಶೀಷೆಯನ್ನು ಮೇಜಿನ ಮೇಲೆ ವಿಶ್ರಮಿಸಲು ಬಿಟ್ಟು ಸೌನಾದ ಹಬೆಸ್ನಾನಕ್ಕೆ ತೆರಳಿದಿರಿ. ಹಬ್ಬ ಮುಗಿದ ಬಳಿಕ ತಮ್ಮ ವರದಿ ಬಂತು: ಜೀವಕೋಶಗಳು ನಾಶವಾಗಿವೆ, ಮತ್ತೆ ಕಳುಹಿಸಿ.

ಆ ಅವಿಧೇಯ ಕೋಶಗಳ ಪರವಾಗಿ ಕ್ಷಮೆ ಕೋರುತ್ತೇನೆ. ಮುಂದಿನ ಸಲ ತಮ್ಮ ರಜೆ ಮುಗಿಯುವವರೆಗೆ ಅವು ಉಸಿರು ಬಿಗಿಹಿಡಿದು ಕಾಯುವಂತೆ ತಾವೇ ತರಬೇತಿ ನೀಡಬೇಕೆಂದು ವಿನಂತಿ.

ಈ ನಡುವೆ ಮಿದುಳಿನ ಬಾವು ಇಳಿಸುವ ಔಷಧವನ್ನೂ ಕೊಡುವಂತಿರಲಿಲ್ಲ. ಕೊಟ್ಟರೆ ಕ್ಯಾನ್ಸರ್ ಕೆಲಕಾಲ ಅಡಗಿ ಪರೀಕ್ಷೆಯನ್ನೇ ವಂಚಿಸಬಹುದಿತ್ತು. ಹಾಗಾಗಿ ಕಾದೆವು. ಕಾಯುತ್ತಿದ್ದಂತೆ ತೌನೊರ ಬಲಗೈ ಸೋತಿತು, ಓದು ಮರೆತುಹೋಯಿತು. ಒಂದು ಬೆಳಿಗ್ಗೆ ನನ್ನನ್ನೇ "ಯಾರಮ್ಮ ನೀವು?" ಎಂದು ಕೇಳಿದರು, ಬಹಳ ಮರ್ಯಾದೆಯಿಂದ.

ಎರಡನೇ ಶೀಷೆಯನ್ನು ಹೆಲ್ಕಾ ಮುಷ್ಟಿಯಲ್ಲಿ ಹಿಡಿದು ಮೆಟ್ಟಿಲಿಳಿದು ಪ್ರಯೋಗಾಲಯಕ್ಕೆ ಓಡಿದರು. "ಬಾಗಿಲು ತೆಗೀರಿ ಐರಾ, ಬೇಗ!" ಎಂದು ಅವರು ಕೂಗಿದಾಗ ತೆಗೆದವಳು ನಾನು. ತಮ್ಮ ಸಿಬ್ಬಂದಿ ಔದಾರ್ಯದಿಂದ ಹರಟೆ ನಿಲ್ಲಿಸಿದರು. ಸಂಜೆಗೆ ಉತ್ತರ ಬಂತು: ಲಿಂಫೋಮಾ. ಗಂಡನಿಗೆ ಕ್ಯಾನ್ಸರ್ ಎಂದು ಕೇಳಿ ಸಮಾಧಾನದಿಂದ ಅತ್ತ ಹೆಂಗಸೊಬ್ಬಳನ್ನು ಸೃಷ್ಟಿಸಿದ ಕೀರ್ತಿ ತಮ್ಮದೇ.

ಮದ್ದು ನಾಟಿದೆ, ನೆರಳು ಕರಗಿದೆ. ಬಲಗೈ ಮಾತ್ರ ಮರಳಿಲ್ಲ.

ಇಷ್ಟಾದರೂ ತಮ್ಮ ವಿಶ್ವಾಸಿ,
ಐರಾ ವಿಯೆರಿಕ್ಕೊ

ತಾ.ಕ.: ಇದು, ತೌನೊ ಸ್ವತಃ ಓದಿ, ಬೈಗುಳಗಳನ್ನೆಲ್ಲ ಎಡಗೈಯಿಂದ ಹೊಡೆದುಹಾಕಿ, "ಪಾಪ ಕಣೆ, ಅವರಿಗೂ ಹೆಂಡ್ತಿ ಮಕ್ಕಳು ಇರ್ತಾರೆ" ಎಂದ ಮೇಲೆ ಉಳಿದ ಪತ್ರ. ಅವರು ಹೀಗೆಯೇ ಬಹುಕಾಲ ಓದುತ್ತಿರಲೆಂದು ತಾವೂ ಹಾರೈಸಿ. ಬೈಗುಳ ಸಮೇತ ಮೊದಲ ಪ್ರತಿ ನನ್ನಲ್ಲಿ ಭದ್ರವಾಗಿದೆ.