ಸರ್ಕಾರಿ ಗುಂಡಿಯ ಬಿಸಿ

ಮಂಗಳವಾರ ಬೆಳಿಗ್ಗೆ ಟಪಾಲಿನವನು ಕೊಟ್ಟುಹೋದ ಲಕೋಟೆಯಲ್ಲಿ ಎರಡೇ ವಾಕ್ಯಗಳಿದ್ದವು. ಮೊದಲನೆಯದನ್ನು ಓದಿದಾಗ ಮರುಳಸಿದ್ದಪ್ಪನ ಕೈಯಲ್ಲಿದ್ದ ಮಂಡಕ್ಕಿ ಅಲ್ಲೇ ನಿಂತಿತು. ಎರಡನೆಯದನ್ನು ಓದಿದಾಗ ಬಾಯಲ್ಲಿದ್ದದ್ದೂ ನಿಂತಿತು.

'ಇದೇ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ತಮ್ಮ ಮಾದರಿ ಕಾಂಪೋಸ್ಟ್ ಗುಂಡಿಯ ತನಿಖೆ ನಡೆಯುವುದು. ಗುಂಡಿಯ ಬಿಸಿಯನ್ನು ನೋಡಿಕೊಂಡು, ಸವಳಂಗ ಮತ್ತು ನ್ಯಾಮತಿಯ ಇಬ್ಬರು ಸಲಹೆಗಾರರ ಪೈಕಿ ಒಬ್ಬರನ್ನು ಜಗಳೂರಿಗೆ ವರ್ಗ ಮಾಡಲಾಗುವುದು.'

ಬಸ್ಸುಗಳು ಪೆಟ್ರೋಲು ಬಿಟ್ಟು ಇದ್ದಿಲು ತಿನ್ನುತ್ತಿದ್ದ ಯುದ್ಧದ ವರ್ಷಗಳು ಅವು. ಹಡಗಿನಲ್ಲಿ ಬರಬೇಕಾಗಿದ್ದ ಸೀಮೆಗೊಬ್ಬರ ಹಡಗಿನೊಂದಿಗೇ ಸಮುದ್ರದ ತಳ ಸೇರಿತ್ತು. ಆಗ ಸರ್ಕಾರಕ್ಕೆ ದನಗಳ ನೆನಪಾಯಿತು. ಕಸ ಸೆಗಣಿಗಳಿಂದ ಗೊಬ್ಬರ ಮಾಡುವುದು ಹೇಗೆಂದು ರೈತರಿಗೆ ಕಲಿಸಲು ಓದಿದ ಹುಡುಗರನ್ನು ಊರೂರಿಗೆ ಕಳಿಸಿದರು. ಹಾಗೆ ನ್ಯಾಮತಿಗೆ ಸಲಹೆಗಾರನಾಗಿ ಬಂದವನು ಮರುಳಸಿದ್ದಪ್ಪ. ಚನ್ನಗಿರಿಯ ಜವಳಿ ಅಂಗಡಿಯವರ ಮಗ. ಆರು ಅಂಗುಲ ಸೊಪ್ಪು, ಎರಡು ಅಂಗುಲ ಸೆಗಣಿ, ಒಂದು ಹಿಡಿ ಬೂದಿ ಎಂದು ನಿದ್ದೆಯಲ್ಲೂ ತಪ್ಪಿಲ್ಲದೆ ಒಪ್ಪಿಸಬಲ್ಲ. ಆದರೆ ಸೆಗಣಿಯನ್ನು ಅವನು ತೋರಿಸುತ್ತಿದ್ದದ್ದು ಛತ್ರಿಯ ತುದಿಯಿಂದ. ಊರವರು ಅವನನ್ನು 'ಗೊಬ್ಬರದ ಮೇಷ್ಟ್ರು' ಎನ್ನುತ್ತಿದ್ದರು. ಅದರಲ್ಲಿ ಗೌರವ ಎಷ್ಟು, ಗೊಬ್ಬರ ಎಷ್ಟು ಎಂಬುದನ್ನು ಅವನು ವಿಚಾರಿಸಲು ಹೋಗಿರಲಿಲ್ಲ.

ಜಗಳೂರು ಎಂದರೆ ಅವನು ನಡುಗಲು ಕಾರಣ ಹೊನ್ನಾಳಿಯಲ್ಲಿತ್ತು. ಅಲ್ಲಿಯ ಶಿವಮೂರ್ತಪ್ಪನವರ ಮಗಳು ಶಂಕರಮ್ಮನ ಜೊತೆ ಅವನ ಮದುವೆ ಗೊತ್ತಾಗಿತ್ತು. ಶಿವಮೂರ್ತಪ್ಪನವರು ವೀಳ್ಯ ಹಿಡಿಯುವಾಗಲೇ ಹೇಳಿದ್ದರು: "ನನ್ನ ಮಗಳು ಹೊಳೆ ನೀರು ಕುಡಿದು ಬೆಳೆದೋಳು ಕಣ್ರಿ. ಹುಡುಗ ಈ ಸೀಮೆ ಬಿಟ್ಟು ಹೋಗಬಾರದು. ಆ ಜಗಳೂರಿನಾಗೆ ಬಾವಿ ಹಗ್ಗ ಎಳದ್ರೆ, ಬೆಳಿಗ್ಗೆ ಬಿಟ್ಟ ಕೊಡ ಸಂಜಿಗೆ ಮ್ಯಾಕೆ ಬರ್ತೈತಂತೆ." ಜಗಳೂರಿನ ಹೆಸರು ಅವರ ಬಾಯಿಗೆ ಅಂದು ಯಾಕೆ ಬಂತೋ, ಶಿವನೇ ಬಲ್ಲ. ಶಂಕರಮ್ಮ ಅಂದು ಆಡಿದ್ದು ಒಂದೇ ಮಾತು. ತಟ್ಟೆ ಕೊಡುವಾಗ ಅವನ ಬೆರಳುಗಳನ್ನು ನೋಡಿ, "ಗೊಬ್ಬರದೋರ ಕೈ ಇಷ್ಟು ಬೆಳ್ಳಗೆ ಇರ್ತಾವಾ?" ಎಂದಿದ್ದಳು. ಅದನ್ನು ಹೊಗಳಿಕೆ ಎಂದುಕೊಂಡು ಅವನು ಎರಡು ತಿಂಗಳಿಂದ ಸಂತೋಷವಾಗಿದ್ದ.

ಇನ್ನೊಂದು ಸಂಗತಿ ಅವನಿಗೂ ಅವನ ಡೈರಿಗೂ ಮಾತ್ರ ಗೊತ್ತಿತ್ತು. ನಾಲ್ಕು ದಿನದ ರಜೆ ಹಾಕಿ ದೀಪಾವಳಿಗೆ ಚನ್ನಗಿರಿಗೆ ಹೋದವನು ಹೋಳಿಗೆಯ ಸಲುವಾಗಿ ಹದಿನೈದು ದಿನ ಉಳಿದು, ನಿನ್ನೆಯಷ್ಟೇ ಬಂದಿದ್ದ. ಡೈರಿಯಲ್ಲಿ ಮಾತ್ರ ದಿನವೂ 'ಗುಂಡಿಗೆ ನೀರು ಹಾಕಿದೆ. ಬಿಸಿ ತೃಪ್ತಿಕರ' ಎಂದಿತ್ತು.

ಮಂಡಕ್ಕಿ ಅಲ್ಲೇ ಬಿಟ್ಟು ಗುಂಡಿಯತ್ತ ಓಡಿದ.

ಗುಂಡಿ ಇದ್ದದ್ದು ಕರಿಬಸಮ್ಮನ ಹಿತ್ತಿಲ ಆಚೆ. ಅಲ್ಲಿ ಮೊದಲಿದ್ದದ್ದು ಅವಳ ಅತ್ತೆಯ ಕಾಲದ ತಿಪ್ಪೆ. ಮರುಳಸಿದ್ದಪ್ಪ ಅದನ್ನು ತೆಗೆಸಿ, ಅದೇ ಜಾಗದಲ್ಲಿ ಹಗ್ಗ ಹಿಡಿದು, ಮೂಲೆ ಅಳೆದು, ಸರ್ಕಾರಿ ಗುಂಡಿ ತೋಡಿಸಿದ್ದ. ಬೋರ್ಡನ್ನೂ ನೆಟ್ಟಿದ್ದ. ಈಗ ನೋಡಿದರೆ ಬೋರ್ಡಿನ ಮೇಲೆ ಯಾರೋ ಸೆಗಣಿಯ ಕುಳ್ಳು ತಟ್ಟಿದ್ದರು. ಗುಂಡಿಯ ನೆತ್ತಿಯ ಮೇಲೆ, ಹಬ್ಬಕ್ಕೆ ಸೆಗಣಿಯಲ್ಲಿ ಮಾಡಿ ಪೂಜಿಸಿದ ಲಕ್ಕವ್ವ ಚೆಂಡು ಹೂವು ಮುಡಿದು ಒಣಗಿ ಕೂತಿದ್ದಳು. ಮುಂದೆ ಹಣತೆ. ಅವನ ಆರು ಅಂಗುಲ, ಎರಡು ಅಂಗುಲಗಳ ಪದರ ಎಲ್ಲಿಯೂ ಕಾಣಲಿಲ್ಲ. ಮೇಲೆಲ್ಲ ಕೊಟ್ಟಿಗೆಯ ಕಸ, ರಾಗಿ ಹುಲ್ಲಿನ ಚೂರು, ಒಲೆ ಬೂದಿ, ಹುಳಿ ಮಜ್ಜಿಗೆಯ ಬಿಳಿ ಗೆರೆ.

"ಕರಿಬಸಮ್ಮಾ! ಏನ್ರಮ್ಮ ಇದು? ಸರ್ಕಾರದ ಗುಂಡೀನ ತಿಪ್ಪೆ ಮಾಡಿಟ್ಟೀರಲ್ರೀ!"

ಕರಿಬಸಮ್ಮ ಆರು ದನಗಳ ಒಡತಿ, ಅರವತ್ತು ದಾಟಿದವಳು. ಬಕೆಟ್ಟು ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು. "ತಿಪ್ಪೆ ನಾ ಯಾಕೆ ಮಾಡ್ಲಿ ಮೇಷ್ಟ್ರೇ? ಅದು ತಿಪ್ಪೇನೇ. ನೀವು ನಡುವೆ ಬಂದು ಗುಂಡಿ ಮಾಡಿದ್ರಿ. ನಮ್ಮತ್ತೆ ಹಾಕಿದ ಜಾಗಕ್ಕೇ ನಾನೂ ಹಾಕ್ತೀನಿ. ದೀಪಾವಳಿಗೆ ಲಕ್ಕವ್ವನ್ನ ಮತ್ತೆಲ್ಲಿ ಕೂಡಿಸ್ಲಿ, ನಿಮ್ಮ ತಲಿ ಮ್ಯಾಲಾ?"

"ಇವತ್ತು ಸಾಹೇಬರು ಬರ್ತಾರೆ! ಒಂದು ಹಾರೆ ಕೊಡ್ರಿ, ಒಳಗೆ ಬಿಸಿ ಐತೋ ಇಲ್ಲೋ ಚುಚ್ಚಿ ನೋಡ್ತೀನಿ."

"ಹಾರೆ?" ಕರಿಬಸಮ್ಮನ ಹುಬ್ಬು ಸೆರಗಿನವರೆಗೆ ಏರಿತು. "ಲಕ್ಕವ್ವ ಕೂತ ತಿಪ್ಪೆಗೆ ಕಾರ್ತೀಕ ಮುಗಿಯೋ ಮಟ ಕಬ್ಬಿಣ ಮುಟ್ಟಿಸೋರು ಯಾರೂ ಇಲ್ಲ. ಬೇಕಾದ್ರೆ ಕೈ ಹಾಕಿ ನೋಡ್ರಿ."

ಮರುಳಸಿದ್ದಪ್ಪ ತನ್ನ ಕೈ ನೋಡಿಕೊಂಡ. ಶಂಕರಮ್ಮ ಹೊಗಳಿದ ಕೈ. ಜೇಬಿಗೆ ಇಳಿಸಿಕೊಂಡ.

"ಹೋಗ್ಲಿ, ಒಂದು ಬಕೆಟ್ ಹಸಿ ಸೆಗಣಿ ನೀರಾದ್ರೂ ಕೊಡ್ರಮ್ಮ. ಮೇಲೆ ಹೊಯ್ದು ಚೊಕ್ಕ ಮಾಡ್ತೀನಿ."

"ಮಂಗಳವಾರ ಮನೆ ಸೆಗಣಿ ಇನ್ನೊಬ್ರ ಕೈಗೆ ಕೊಡ್ತಾರೇನ್ರಿ? ಓದಿದೋರು, ಇಷ್ಟೂ ತಿಳೀಬ್ಯಾಡ್ವಾ?"

ಬಿಸಿಲಲ್ಲಿ ಆರಿದ ಹಪ್ಪಳದ ಹಾಗೆ ಮುದುರಿಕೊಂಡು ಅವನು ಬಸ್ಸು ನಿಲ್ಲುವ ಜಾಗದ ಚಹಾದಂಗಡಿಗೆ ಬಂದ. ಅಂಗಡಿಯ ಗಾದ್ರಪ್ಪನಿಗೆ ಚಹಾ ಮಾಡಲು ಬರುತ್ತಿರಲಿಲ್ಲ. ಸಲಹೆ ಕೊಡಲು ಬರುತ್ತಿತ್ತು. ಸಂಬಳವಿಲ್ಲದ ಸಲಹೆಗಾರ. ಕಾಗದವನ್ನು ಎರಡು ಸಲ ಓದಿಸಿಕೊಂಡು ಕೇಳಿದ.

"ಇದ್ರಾಗೆ ತಿಳೀದೇ ಇರೋದು ಏನೈತಿ? ಗುಂಡಿ ತಣ್ಣಗಿದ್ದೋರು ಜಗಳೂರಿಗೆ. ಸರ್ಕಾರ ಅಂದಮ್ಯಾಲೆ ತಪ್ಪು ಮಾಡಿದೋರನ್ನ ನೀರಿಲ್ದ ಊರಿಗೇ ಅಟ್ಟೋದು. ಬೆಳಗಿನ ಬಸ್ಸಿನೋರು ಹೇಳಿದ್ರು, ಸವಳಂಗದ ರೇವಣ್ಣನ ಗುಂಡಿ ಸಾಹೇಬ್ರು ನೋಡಾಗೈತಂತೆ. ತಣ್ಣಗೆ, ಹೆಣ ಇದ್ದಂಗೆ ಇತ್ತಂತೆ."

ಮರುಳಸಿದ್ದಪ್ಪನ ಮುಖ ಅರಳಿತು. ಸವಳಂಗದ ಸಲಹೆಗಾರ ರೇವಣ್ಣ ಅವನ ಜೊತೆಗೇ ಓದಿದವನು; ಒಳ್ಳೆಯ ಹುಡುಗ. ಒಳ್ಳೆಯವರಿಗೆ ಜಗಳೂರೇನು, ಎಲ್ಲಿಯಾದರೂ ಒಳ್ಳೆಯದೇ ಆಗುತ್ತದೆ.

"ಹಂಗಾದ್ರೆ ನನ್ನ ಗುಂಡಿ ಅವನದಕ್ಕಿಂತ ಒಂದು ಚೂರು ಬಿಸಿ ಇದ್ರೆ ಸಾಕಲ್ಲ?"

"ಚೂರು ಯಾಕೆ?" ಗಾದ್ರಪ್ಪ ತನ್ನ ಒಲೆಯನ್ನು ತೋರಿಸಿದ. "ಒಂದು ಒಡಕು ಗಡಿಗೆ ಕೆಂಡ ಕೊಡ್ತೀನಿ. ಗುಂಡಿ ಅಂಚಿಗೆ ಹೂತುಬಿಡ್ರಿ. ಗಡಿಗೆ ಮಣ್ಣಿಂದು, ಕಬ್ಬಿಣಲ್ಲ. ಲಕ್ಕವ್ವನೂ ಏನೂ ಅನ್ನಲ್ಲ. ಕರಿಬಸಮ್ಮನ್ನ ನಾನು ಮಾತಿಗೆ ಹಿಡ್ಕಂತೀನಿ."

ಎರಡೂವರೆಗೆ ಮರುಳಸಿದ್ದಪ್ಪ ಕೆಂಡದ ಗಡಿಗೆಯನ್ನು ಎದೆಗವಚಿಕೊಂಡು ಹೊರಟ. ಯಾರಿಗೂ ಕಾಣದಿರಲೆಂದು ತಲೆಯ ಜರಿ ಅಂಚಿನ ರುಮಾಲಿನ ಸೆರಗನ್ನು ಇಳಿಬಿಟ್ಟು ಗಡಿಗೆಯ ಮೇಲೆ ಹೊದಿಸಿದ್ದ. ಹಸುಗೂಸನ್ನು ಲಸಿಕೆಗೆ ಒಯ್ಯುವ ತಾಯಿಯ ಹಾಗೆ ಕಾಣುತ್ತಿದ್ದ. ದಾರಿಯಲ್ಲಿ ಇಬ್ಬರು, "ಏನು ಮೇಷ್ಟ್ರೇ, ಹೊಗೆ ಆಡ್ತೀರಿ?" ಎಂದು ಕೇಳಿದರು. "ಬೀಡಿ," ಎಂದ.

ಹಿತ್ತಿಲಲ್ಲಿ ಗಾದ್ರಪ್ಪ ಆಗಲೇ ಕರಿಬಸಮ್ಮನ ಎಮ್ಮೆಯ ಕೊಂಬನ್ನು ಹೊಗಳುತ್ತಿದ್ದ. ಮರುಳಸಿದ್ದಪ್ಪ ಗುಂಡಿಯ ಅಂಚಿಗೆ ಕುಕ್ಕರಗಾಲಲ್ಲಿ ಕೂತ. ಗಡಿಗೆ ಹೂಳಲು ಕುಳಿ ತೋಡಬೇಕು. ಕಬ್ಬಿಣ ಕೂಡದು. ಉಳಿದದ್ದು ಕೈ. ಅವನು ಕಿರುಬೆರಳನ್ನು ಚಾಚಿದ, ಹಿಂದಕ್ಕೆಳೆದ. ಉಂಗುರ ಬೆರಳನ್ನು ಚಾಚಿದ, ಅದರ ಉಂಗುರ ನೋಡಿ ಹಿಂದಕ್ಕೆಳೆದ. ಹೀಗೆ ಬೆರಳು ಆರಿಸುತ್ತಾ ಕೂತಿದ್ದಾಗ ರುಮಾಲಿನ ಜರಿ ಅಂಚಿಗೆ ಬೆಂಕಿ ಹತ್ತಿತು.

"ಅಯ್ಯಯ್ಯೋ, ಮೇಷ್ಟ್ರು ಉರೀತಾರೆ!" ಎಂದು ಗಾದ್ರಪ್ಪ ಕೂಗಿದ.

ಕರಿಬಸಮ್ಮ ಕೂಗಲಿಲ್ಲ. ಪಕ್ಕದಲ್ಲಿದ್ದ ಬಕೆಟ್ಟನ್ನು ಎತ್ತಿ, ಗಂಜಲ ಕದಡಿದ ಸೆಗಣಿ ನೀರನ್ನು ಅವನ ನೆತ್ತಿಯಿಂದ ಪಾದದವರೆಗೆ ಒಂದೇ ಅಳತೆಯಲ್ಲಿ ಸುರಿದಳು. ರುಮಾಲು ಆರಿತು. ಕೆಂಡವೂ ಆರಿತು. ಕೊನೆಯದಾಗಿ ಮರುಳಸಿದ್ದಪ್ಪನೂ ಆರಿದ.

ಕಣ್ಣು ಒರೆಸಿಕೊಳ್ಳುತ್ತಾ ಅವನು ಅಂದ: "ಮಂಗಳವಾರ ಕೊಡಾಕಿಲ್ಲ ಅಂದ್ರಲ್ಲಮ್ಮಾ?"

"ಕೊಡ್ಲಿಲ್ಲ," ಎಂದಳು ಕರಿಬಸಮ್ಮ. "ಸುರುವಿದೆ."

ಅಷ್ಟರಲ್ಲಿ ಹೊನ್ನಾಳಿ ಕಡೆಯಿಂದ ಒಂದು ಕಮಾನು ಗಾಡಿ ಬಂದು ನಿಂತಿತು. ಇಳಿದವರು ಶಿವಮೂರ್ತಪ್ಪನವರು. ಬೆಳಗಿನ ಬಸ್ಸಿನವರಿಂದ ಸುದ್ದಿ ಕೇಳಿ, ಅಳಿಯನಾಗುವವನ ಗುಂಡಿಯನ್ನು ದೊಡ್ಡ ಸಾಹೇಬರು ನೋಡುವುದನ್ನು ತಾವೂ ನೋಡಬೇಕೆಂದು ಬಂದಿದ್ದರು. ಎದುರಿಗೆ ನಿಂತ ಹಸಿರು ಆಕೃತಿಯನ್ನು ನೋಡಿ ಮೂಗಿಗೆ ಶಲ್ಯ ಹಿಡಿದು ಕೇಳಿದರು: "ಏನಪ್ಪಾ, ಇಲ್ಲಿ ಗೊಬ್ಬರದ ಇಲಾಖೆ ಮರುಳಸಿದ್ದಪ್ಪನವರು ಅಂತ..."

"ನಾನೇ ಮಾವಾರೇ."

ಶಿವಮೂರ್ತಪ್ಪನವರು ಶಲ್ಯವನ್ನು ಇನ್ನೂ ಒಂದು ಮಡಿಕೆ ಮಾಡಿಕೊಂಡರು.

ಬಾವಿಗೆ ಓಡಿ ಮೈ ತೊಳೆಯೋಣವೆಂದರೆ ಆಗಲೇ ಶಿವಮೊಗ್ಗೆಯ ಇದ್ದಿಲು ಬಸ್ಸು ಕೆಮ್ಮುತ್ತಾ ಬಂತು. ಸಾಹೇಬರು ಇಳಿದರು. ಖಾಕಿ ಟೋಪಿ, ಕನ್ನಡಕ, ನಗು ಎಂದರೆ ರೇಷನ್ನಿನ ಸಾಮಾನು ಎಂಬಂಥ ಮುಖ. ಹತ್ತಿರ ಬಂದು ಮರುಳಸಿದ್ದಪ್ಪನನ್ನು ಮೂಸಿದರು. ಎಲ್ಲರೂ ಉಸಿರು ಬಿಗಿಹಿಡಿದರು. ಕೆಲವರಿಗೆ ಅದು ಬೇಕೂ ಆಗಿತ್ತು.

"ಭೇಷ್!" ಎಂದರು ಸಾಹೇಬರು. "ಇಪ್ಪತ್ತು ವರ್ಷದ ನೌಕರಿಯಲ್ಲಿ ಮೊದಲನೇ ಸಲ, ಕೆಲಸ ಮಾಡೋ ವಾಸನೆ ಬರುವ ಸಲಹೆಗಾರನನ್ನು ನೋಡಿದೆ. ಬೆಳಿಗ್ಗೆ ಸವಳಂಗದವನು ಅತ್ತರು ಹಾಕಿಕೊಂಡು ಬಂದಿದ್ದ. ಹಾರೆ ತನ್ನಿ."

"ಕಬ್ಬಿಣ ಕೂಡದು ಸ್ವಾಮಿ," ಕರಿಬಸಮ್ಮ ಅಡ್ಡ ನಿಂತಳು. "ಲಕ್ಕವ್ವ ಕೂತವ್ಳೆ. ಕೈ ಹಾಕ್ರಿ."

ಮರುಳಸಿದ್ದಪ್ಪ ಕಣ್ಣು ಮುಚ್ಚಿಕೊಂಡ. ಜಗಳೂರಿನ ಬಾವಿ ಹಗ್ಗ ಕಣ್ಣ ಮುಂದೆ ಸುರುಳಿ ಬಿಚ್ಚತೊಡಗಿತು.

ಸಾಹೇಬರು ಕೋಟಿನ ತೋಳು ಮಡಚಿ, ಗುಂಡಿಗೆ ಮೊಳಕೈವರೆಗೆ ಕೈ ಇಳಿಸಿದರು. ಮರುಕ್ಷಣವೇ "ಹಾ!" ಎಂದು ಚೀರಿ ಹೊರಗೆಳೆದರು. ಕೈಯಿಂದ ಹಬೆ ಏಳುತ್ತಿತ್ತು. ಕುಳಿಯಿಂದಲೂ ಹಬೆ ಎದ್ದು ಲಕ್ಕವ್ವನ ಮುಖಕ್ಕೆ ತಗುಲಿತು.

"ಇದು ಗುಂಡಿಯೇನ್ರಿ? ಇಡ್ಲಿ ಬೇಯಿಸಬಹುದು! ವಾಸನೆ ಇಲ್ಲ, ನೊಣ ಇಲ್ಲ, ಒಳಗೆ ಕಾಫಿ ಪುಡಿ ಹಾಗೆ ಉದುರು ಉದುರು! ಏನು ಮಾಡಿದಿರಿ ಇದಕ್ಕೆ?"

ಕರಿಬಸಮ್ಮ ಬಾಯಿ ತೆರೆದಳು. "ಅದಕ್ಕೇನೈತಿ ಸ್ವಾಮಿ, ದಿನಾ ಮುಂಜೇಲೆ ಆರು ದನದ್ದು..."

ಮಾವನ ಶಲ್ಯ ಮೂಗಿನಿಂದ ಕೆಳಗಿಳಿಯುತ್ತಿದ್ದುದು ಮರುಳಸಿದ್ದಪ್ಪನಿಗೆ ಕಂಡಿತು. ಆ ಗಳಿಗೆಯಲ್ಲಿ ಸತ್ಯ ಹೇಳಿದ್ದರೆ ಈ ಕತೆಗೆ ಬೇರೆ ಕೊನೆ ಇರುತ್ತಿತ್ತು.

"ಅಜ್ಜೀ, ನೀವು ಸುಮ್ಕಿರ್ರಿ," ಎಂದು ಅವನು ಮುಂದೆ ಬಂದ. "ಎಲ್ಲಾ ನನ್ನ ಸ್ವಂತ ಪದ್ಧತಿ ಸಾರ್. ಹದಿನೈದು ದಿನ ಈ ಗುಂಡಿ ಬಿಟ್ಟು ಅಲ್ಲಾಡಿಲ್ಲ. ಡೈರಿಯಲ್ಲಿದೆ. ನೀರು, ಸೊಪ್ಪು, ದನ ಎಲ್ಲಾ ನೆಪ ಸಾರ್. ಪದ್ಧತಿ ಗೊತ್ತಿದ್ದವನು ಬಂಡೆ ಮೇಲೂ ಬಿಸಿ ತರಿಸಬಹುದು."

"ನೀರು ಕಡಿಮೆ ಇದ್ದರೂ?"

"ಇಲ್ಲದಿದ್ದರೂ!"

ಶಿವಮೂರ್ತಪ್ಪನವರ ಶಲ್ಯ ಪೂರ್ತಿ ಹೆಗಲಿಗೆ ಹೋಯಿತು. "ನಮ್ಮ ಅಳಿಯಂದ್ರು," ಎಂದು ಪಕ್ಕದಲ್ಲಿದ್ದ ಗಾದ್ರಪ್ಪನಿಗೆ ತಿಳಿಸಿದರು.

ಸಾಹೇಬರು ತೊಳೆದ ಕೈಯಿಂದ ಮರುಳಸಿದ್ದಪ್ಪನ ಒದ್ದೆ ಭುಜ ತಟ್ಟಿ, ಆ ಕೈಯನ್ನು ಮತ್ತೆ ತೊಳೆದುಕೊಂಡರು. ನಂತರ ಜೇಬಿನಿಂದ ಒಂದು ಹಾಳೆ ತೆಗೆದು, ಖಾಲಿ ಬಿಟ್ಟ ಜಾಗದಲ್ಲಿ ಹೆಸರು ತುಂಬಿದರು.

"ನಾಳೆ ಬೆಳಗಿನ ಮೊದಲ ಬಸ್ಸಿಗೇ ಹೊರಡಿ, ಮಿಸ್ಟರ್ ಮರುಳಸಿದ್ದಪ್ಪ. ಜಗಳೂರಿನಲ್ಲಿ ನಾಲ್ಕು ಜನ ಸೋತು ವಾಪಸು ಬಂದಿದ್ದಾರೆ. ನಿಮ್ಮಲ್ಲಿ ಗಟ್ಟಿಗ ಯಾರೋ ಅವನನ್ನು ಕಳಿಸಿ ಅಂತ ಮೇಲಿನವರ ಅಪ್ಪಣೆ. ಅದಕ್ಕೇ ಈ ತನಿಖೆ."

ಮರುಳಸಿದ್ದಪ್ಪನ ಬಾಯಿ ತೆರೆಯಿತು. ಮೊದಲು ಗಾಳಿ ಬಂತು, ಆಮೇಲೆ ಮಾತು. "ಗುಂಡಿ... ತಣ್ಣಗಿದ್ದಿದ್ರೆ ಸಾರ್?"

"ತಣ್ಣಗಿದ್ದವನನ್ನು ಅಲ್ಲಿಗೆ ಕಳಿಸಿ ಏನು ಮಾಡೋಣ? ರೇವಣ್ಣ ನಾಳೆಯಿಂದ ನ್ಯಾಮತಿಗೆ ಬರುತ್ತಾನೆ. ನಿಮ್ಮ ಗುಂಡಿ ನೋಡಿ ಕಲೀಲಿ. ಮೂರು ವರ್ಷ ಇಲ್ಲಿಂದ ಅಲ್ಲಾಡಿಸೋದಿಲ್ಲ ಅವನನ್ನು."

ಸಾಹೇಬರೂ ಅವರ ಹಿಂದೆಯೇ ಶಿವಮೂರ್ತಪ್ಪನವರೂ ಬಸ್ಸಿನ ಕಡೆ ನಡೆದರು. ಗಾದ್ರಪ್ಪ ತನ್ನ ಒಲೆ ಆರಿಹೋಗುತ್ತದೆಂದು ಹೇಳಿ ಅಲ್ಲಿಂದ ಮೆಲ್ಲಗೆ ಜಾರಿದ. ಗುಂಡಿಯ ಬಳಿ ಮರುಳಸಿದ್ದಪ್ಪ, ಕರಿಬಸಮ್ಮ ಮತ್ತು ಲಕ್ಕವ್ವ ಮೂವರೇ ಉಳಿದರು. ಅವನು ನಿಧಾನವಾಗಿ ಬಗ್ಗಿ, ಜೀವನದಲ್ಲಿ ಮೊದಲನೆಯ ಸಲ, ಬೆಳ್ಳನೆಯ ಕೈಯನ್ನು ಗೊಬ್ಬರದೊಳಕ್ಕೆ ಇಳಿಸಿದ. ಒಲೆಯ ಮೇಲಿಂದ ಆಗಷ್ಟೇ ಇಳಿಸಿದ ಅನ್ನದ ಹಾಗೆ ಸುಟ್ಟಿತು. ಬೆಳಿಗ್ಗೆಯೂ ಹೀಗೇ ಇದ್ದಿರಬೇಕು.

"ಹಾಲಿಗೆ ಹೆಪ್ಪು ಹೆಂಗೋ, ಹೊಸ ಗುಂಡಿಗೆ ಹಳೇ ತಿಪ್ಪೆ ಗೊಬ್ಬರ ಹಂಗೆ," ಎಂದಳು ಕರಿಬಸಮ್ಮ. ಅವಳ ದನಿ ಮೆತ್ತಗಾಗಿತ್ತು. "ಒಂದು ಪುಟ್ಟಿ ಇದನ್ನ ಒಯ್ದು ಹಾಕಿದ್ರೆ ಜಗಳೂರಿನಾಗೂ ಬಿಸಿ ಬರ್ತೈತಿ ಕಣಪ್ಪ."

ಮರುಳಸಿದ್ದಪ್ಪನ ಕಣ್ಣು ತುಂಬಿತು. "ಹಂಗಾದ್ರೆ ಒಂದು ಪುಟ್ಟಿ ಕೊಡ್ರಮ್ಮ."

"ಇವತ್ತು ಮಂಗಳವಾರ. ನಾಳೆ ಹೊತ್ತೇರಿದ ಮ್ಯಾಲೆ ಬರ್ರಿ."

ಅತ್ತ ಬಸ್ಸು ಕೆಮ್ಮಿ ಸಿದ್ಧವಾಗಿತ್ತು. ಸಾಹೇಬರು ರಾತ್ರಿ ತಂಗಲು ಹೊನ್ನಾಳಿಗೆ ಹೊರಟಿದ್ದರು. ಶಿವಮೂರ್ತಪ್ಪನವರು ಗಾಡಿಯನ್ನು ಹಿಂದೆ ಬರಲು ಹೇಳಿ ಅದೇ ಬಸ್ಸು ಹತ್ತಿದ್ದರು. ಮರುಳಸಿದ್ದಪ್ಪ ಮೊಳಕೈವರೆಗೆ ಕಪ್ಪಾದ ಕೈಯನ್ನು ಎತ್ತಿ, "ಮಾವಾರೇ! ಒಂದು ಮಾತು!" ಎಂದು ಕೂಗುತ್ತಾ ಓಡಿ ಬಂದ.

ಶಿವಮೂರ್ತಪ್ಪನವರಿಗೆ ಅದು ಕೇಳಿಸಲಿಲ್ಲ. ಅವರು ಸಾಹೇಬರ ಕಡೆಗೆ ಸರಿದು ಕೂತು, ಶಲ್ಯ ಸರಿಮಾಡಿಕೊಂಡು, ಬಹಳ ವಿನಯದಿಂದ ಕೇಳುತ್ತಿದ್ದರು:

"ಅಲ್ಲ ಬುದ್ಧೀ, ಆ ಸವಳಂಗದ ಹುಡುಗ, ಅತ್ತರು ಹಾಕ್ಕಂಡಿದ್ನಂತಲ್ಲ... ಅವನಿಗೆ ಮದುವಿ ಆಗೈತಾ?"