ಭಾವನ ದೋಣಿ ಹೊರಟಿದ್ದು

ನಮ್ಮ ಭಾವ ವಿಶ್ರಾಂತಿ ತೆಗೆದುಕೊಳ್ಳಲು ಹೊರಟರೆ ಸುತ್ತಲಿನ ನಾಲ್ಕು ಮನೆಯವರು ಸುಸ್ತಾಗಿ ಮಲಗುತ್ತಾರೆ. ಉತ್ಪ್ರೇಕ್ಷೆ ಅನ್ನಿಸಿದರೆ ಒಂದು ಭಾನುವಾರ ನೈರೋಬಿಯ ಲೊರೆಶೋಗೆ ಬಂದು, ಅವರ ಮನೆಯ ಗೇಟು ಕಾಯುವ ಒಟಿಯೆನೋನ ಮುಖ ನೋಡಿ. ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಭಾವ ಎಂದರೆ ನನ್ನ ಅಕ್ಕನ ಯಜಮಾನರು. ಔಷಧಿ ಕಾರ್ಖಾನೆಯೊಂದರಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ಮೈಸೂರಿನಿಂದ ಇಲ್ಲಿಗೆ ಬಂದು ಬಹಳ ವರ್ಷವಾಯಿತು. ಮನುಷ್ಯ ಕೆಟ್ಟವರಲ್ಲ, ಆದರೆ ಅವಸರ ಎಂದರೆ ಅಂಥಿಂಥ ಅವಸರವಲ್ಲ! ಬಡಿಸುವವರು ಸಾರು ಮುಗಿಸಿ ಹುಳಿಯ ಪಾತ್ರೆ ಹಿಡಿದು ಬರುವಷ್ಟರಲ್ಲಿ ಇವರು ಮಜ್ಜಿಗೆ ಕುಡಿದು ಕೈ ತೊಳೆದಿರುತ್ತಾರೆ. ಸತ್ಯನಾರಾಯಣ ಪೂಜೆಯಲ್ಲಿ ಪುರೋಹಿತರು ಎರಡನೇ ಅಧ್ಯಾಯ ಮುಗಿಸಿ ಉಸಿರು ತೆಗೆದುಕೊಂಡರೆ, "ಶಾಸ್ತ್ರಿಗಳೇ, ನೇರ ಐದಕ್ಕೇ ಹೋಗಿಬಿಡೋಣ್ವಾ? ಪ್ರಸಾದ ಆರ್ತಿದೆ" ಎಂದು ಕೇಳಿದವರು ಇವರು. ಇಂಥವರನ್ನು ದೇವರು ತಂದು ಬಿಟ್ಟದ್ದು ಯಾವ ಊರಿಗೆ? ಎಲ್ಲದಕ್ಕೂ 'ಪೋಲೆ ಪೋಲೆ', ನಿಧಾನ ನಿಧಾನ, ಎನ್ನುವ ಊರಿಗೆ! ಆ ಎರಡು ಪದ ಕಿವಿಗೆ ಬಿದ್ದರೆ ಸಾಕು, ಭಾವನಿಗೆ ಪಿತ್ತ ನೆತ್ತಿಗೇರುತ್ತಿತ್ತು.

ಈ ಅವಸರ ನಗುವ ವಿಷಯವಾಗಿ ಉಳಿಯಲಿಲ್ಲ, ಅದೇ ನನ್ನ ಸಂಕಟ. ಥಿಕಾ ಹೆದ್ದಾರಿ ಹೊಸದಾಗಿ ತೆರೆದಿದ್ದ ಕಾಲ. ಕಸರಾನಿಯಲ್ಲಿ ಸ್ನೇಹಿತರ ಮನೆಯ ಗೃಹಪ್ರವೇಶ ಮುಗಿಸಿ ಅಕ್ಕ, ಭಾವ ಇಬ್ಬರೂ ರಾತ್ರಿ ಮಳೆಯಲ್ಲಿ ಮನೆಗೆ ಬರುತ್ತಿದ್ದರು. ಇಲ್ಲಿ ಮಟಾಟು ಎನ್ನುವ ಖಾಸಗಿ ಮಿನಿಬಸ್ಸೊಂದನ್ನು ಹಿಂದೆ ಹಾಕಲು ಹೋಗಿ ಭಾವನ ಕಾರು ಜಾರಿ ಚರಂಡಿಗೆ ವಾಲಿಕೊಂಡಿತು. ದೇವರ ದಯೆ, ಯಾರ ಕೂದಲೂ ಕೊಂಕಲಿಲ್ಲ. ಕಾರಿನ ಒಂದು ದೀಪ ಒಡೆಯಿತು, ಅಕ್ಕನ ಬಳೆ ಒಡೆದವು, ಅಷ್ಟೆ. ಆದರೆ ಆವತ್ತಿನಿಂದ ಅಕ್ಕ ಯಾವ ವಾಹನವನ್ನೂ ಹತ್ತಲಿಲ್ಲ. ಕಾರಿನ ಬಾಗಿಲು ತೆಗೆಯುತ್ತಾಳೆ, ಒಂದು ಕಾಲಿಡುತ್ತಾಳೆ, ಮೈಯೆಲ್ಲ ಬೆವೆತು ಹಿಂದಕ್ಕೆ ಬರುತ್ತಾಳೆ. ಬಲವಂತ ಮಾಡಬೇಡಿ ಎಂದರು ಡಾಕ್ಟರು. ಯುಗಾದಿ ಊಟಕ್ಕೆ ಇನ್ನೂರು ಜನಕ್ಕೆ ಬಿಸಿಬೇಳೆಬಾತು ಮಾಡಿಸಿ ಎಲ್ಲರನ್ನೂ ಗದರುತ್ತ ಓಡಾಡುತ್ತಿದ್ದ ನನ್ನ ಅಕ್ಕನ ಪ್ರಪಂಚ ಈಗ ಮನೆಯ ಗೇಟಿಗೆ ಮುಗಿಯಿತು. ಎರಡು ವರ್ಷ ನನ್ನ ಮನೆಗೂ ಬರಲಿಲ್ಲ. ನಾನೇ ವಾರವಾರ ಹೋಗಿ ಅವಳ ಮುಖ ನೋಡಿ ಅಳು ನುಂಗಿಕೊಂಡು ಬರುತ್ತಿದ್ದೆ.

ಹೀಗಿರುವಾಗ ಒಂದು ಭಾನುವಾರ ಊಟದ ಮಧ್ಯೆ ಭಾವ ಘೋಷಿಸಿದರು: "ಜೂನ್‌ನಲ್ಲಿ ನಾವು ನಾಲ್ಕೂ ಜನ ಇಂಗ್ಲೆಂಡಿಗೆ ಹೋಗ್ತಿದ್ದೀವಿ. ಕಾಲುವೇಲಿ ದೋಣಿ. ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ, ನಾವೇ ಓಡಿಸೋದು. ಒಂದು ವಾರ ಫುಲ್ ರಿಲ್ಯಾಕ್ಸ್!"

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ನಾಲ್ಕನೆಯವರಾದ ನನ್ನ ಯಜಮಾನರು, ಪಾಪ, ಹಪ್ಪಳ ಕಚ್ಚಿದವರು ಅಗಿಯಲೇ ಇಲ್ಲ.

"ಭಾವ, ಅಕ್ಕ ಇಲ್ಲೇ ಪಕ್ಕದ ವೆಸ್ಟ್‌ಲ್ಯಾಂಡ್ಸ್‌ಗೇ ಬರಲ್ಲ. ಇಂಗ್ಲೆಂಡಿಗೆ ಹೇಗೆ ಬರ್ತಾಳೆ?"

"ಯಾಕೆ? ಅವಳಿಗೆ ವಿಮಾನದ ಹೆದರಿಕೆಯೇನೂ ಇಲ್ಲ. ಕೇಳು ಬೇಕಾದ್ರೆ."

"ಇಲ್ಲಪ್ಪ," ಎಂದಳು ಅಕ್ಕ, ಪಲ್ಯ ಬಡಿಸುತ್ತ, "ವಿಮಾನಕ್ಕೆ ಯಾಕೆ ಹೆದರಲಿ? ಅದಕ್ಕೆ ಇವರು ಡ್ರೈವರ್ ಅಲ್ವಲ್ಲ."

"ಸರಿ, ಏರ್‌ಪೋರ್ಟಿಗೆ?"

"ಅದೆಲ್ಲ ಲಾಸ್ಟ್ ಸ್ಟೆಪ್," ಎಂದು ಭಾವ ಕೈ ಝಾಡಿಸಿದರು. "ಈ ದೋಣಿ ಇದೆಯಲ್ಲ, ಗಂಟೆಗೆ ನಾಲ್ಕೇ ಮೈಲಿ. ಜಾಸ್ತಿ ಓಡಿಸೋ ಹಾಗೇ ಇಲ್ಲ, ಅಲ್ಲಿ ರೂಲ್ಸೇ ಹಾಗೆ. ಬಾತುಕೋಳಿ ನಮ್ಮನ್ನ ಓವರ್‌ಟೇಕ್ ಮಾಡತ್ತೆ, ಗೊತ್ತಾ!"

ಬಾತುಕೋಳಿಗೆ ದಾರಿ ಬಿಡುವ ಭಾವನನ್ನು ನಾನು ಕಲ್ಪಿಸಿಕೊಳ್ಳಲು ನೋಡಿದೆ. ಆಗಲಿಲ್ಲ. ಅಕ್ಕ ಮಾತ್ರ ಬೇಡ ಅನ್ನಲಿಲ್ಲ. ಮಗಳು ಓದುತ್ತಿರುವುದು ಇಂಗ್ಲೆಂಡಿನಲ್ಲಿ, ಅವಳನ್ನು ನೋಡಿ ಎರಡು ವರ್ಷವಾಗಿತ್ತು. ತಾಯಿ ತಾನೇ? ಆಸೆ ಇರದೆ ಇರುತ್ತದೆಯೇ? ಇಲ್ಲದ ಆಸೆ ಹುಟ್ಟಿಸುತ್ತಿದ್ದಾರಲ್ಲ ಈ ಮನುಷ್ಯ ಎಂದು ನನಗೆ ಮೈ ಉರಿಯಿತು.

ಔಷಧಿ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿದೆಯಂತೆ. ಮೂರು ಟ್ರಯಲ್ ಬ್ಯಾಚ್ ಪಾಸಾಗದೆ ಒಂದು ಮಾತ್ರೆಯೂ ಹೊರಗೆ ಹೋಗುವ ಹಾಗಿಲ್ಲ. ಮಾತ್ರೆಗಿರುವ ನಿಯಮ ಮನುಷ್ಯರಿಗೂ ಇರಬೇಕು ಎಂದು ಭಾವ ತೀರ್ಮಾನಿಸಿದರು. ನಮ್ಮ ಗ್ರಹಚಾರ ಶುರುವಾದದ್ದು ಹೀಗೆ.

ಮೊದಲ ಬ್ಯಾಚು ಅವರ ಹಾಲ್‌ನಲ್ಲಿ. ದೋಣಿಯ ಅಗಲ ಏಳಡಿಗೂ ಕಡಿಮೆಯಂತೆ. ನೆಲದ ಮೇಲೆ ಟೇಪು ಅಂಟಿಸಿ ಅಷ್ಟೇ ಜಾಗದಲ್ಲಿ ನಾಲ್ಕು ಜನ ಇಡೀ ಭಾನುವಾರ ಬದುಕಬೇಕು! ಗ್ಯಾಸ್ ಒಲೆಯೂ ಒಳಗೇ ಬಂತು. ನಾನು ಉಪ್ಪಿಟ್ಟು ಕೆದಕಿದಾಗಲೆಲ್ಲ ಮೊಣಕೈ ನನ್ನ ಯಜಮಾನರ ಪಕ್ಕೆಗೆ ತಾಗುತ್ತಿತ್ತು.

"ಗೋಡೆಗೆ ಒರಗಬೇಡ್ರಿ!" ಎಂದು ಭಾವ ಕೂಗಿದರು.

"ಎಲ್ಲಿದೆ ಗೋಡೆ?" ಎಂದರು ಇವರು.

"ಟೇಪಿನ ಮೇಲೆ! ಕಾಣಲ್ವಾ?"

ಫೋನಿನ ವಿಡಿಯೊದಲ್ಲಿ ಇದನ್ನೆಲ್ಲ ನೋಡುತ್ತಿದ್ದ ಮಗಳು ತಲೆ ಚಚ್ಚಿಕೊಂಡಳು. ನೈರೋಬಿಯಲ್ಲೇ ಬೆಳೆದವಳು, ನಾವು ಕನ್ನಡದಲ್ಲಿ ಏನೇ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ. "ಅಪ್ಪಾ! ಯು ಆರ್ ಸಪೋಸ್ಡ್ ಟು ರಿಲ್ಯಾಕ್ಸ್!"

"ರಿಲ್ಯಾಕ್ಸ್ ಎರಡನೇ ಬ್ಯಾಚಲ್ಲಿ ಬರತ್ತೆ ಪುಟ್ಟಿ, ಇರು," ಎಂದರು ಭಾವ.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಹಾಲು ಉಕ್ಕುವ ಸದ್ದಾಯಿತು. ಅಕ್ಕ ಟೇಪು ದಾಟಿ ಓಡಿದಳು. ಭಾವ ಎದೆ ಹಿಡಿದುಕೊಂಡು, "ಹೋಯ್ತು! ನೀರಿಗೆ ಬಿದ್ದಳು! ಬ್ಯಾಚ್ ಫೇಲ್!" ಎಂದು ಘೋಷಿಸಿದರು. ನಾನು ಮನೆಗೆ ಬಂದು ಎರಡು ತಲೆನೋವಿನ ಮಾತ್ರೆ ನುಂಗಿದೆ. ಅವರ ಕಾರ್ಖಾನೆಯದೇ ಇರಬೇಕು, ಏನೂ ಉಪಯೋಗವಾಗಲಿಲ್ಲ.

ಎರಡನೇ ಬ್ಯಾಚಿಗೆ ಅಂಗಳವೇ ಕಾಲುವೆಯಾಯಿತು. ಆ ಕಾಲುವೆಗಳಲ್ಲಿ ಏರುತಗ್ಗು ಬಂದರೆ ದೋಣಿಯನ್ನು ಎರಡು ಗೇಟುಗಳ ಮಧ್ಯೆ ನಿಲ್ಲಿಸಿ, ನೀರು ತುಂಬಿಸಿ, ಲಿಫ್ಟಿನ ಹಾಗೆ ಮೇಲಕ್ಕೆ ಎತ್ತುತ್ತಾರಂತೆ. ನೀರು ಪೂರ್ತಿ ತುಂಬುವವರೆಗೆ ಗೇಟು ತೆರೆಯುವ ಹಾಗಿಲ್ಲ. ಭಾವ ರಂಗೋಲಿಪುಡಿಯಲ್ಲಿ ಕಾಲುವೆ ಬರೆದರು. ಸಂತೆಯಲ್ಲಿ ತರಕಾರಿ ಎಳೆಯುವ ಕೈಗಾಡಿಯೊಂದು ದೋಣಿಯಾಗಿ ಬಂತು. ಮುಂದಿನ ಗೇಟು ಒಟಿಯೆನೋ, ಹಿಂದಿನ ಗೇಟು ನನ್ನ ಯಜಮಾನರು. ಇಬ್ಬರೂ ಕೈ ಅಗಲಿಸಿ ನಿಂತಿದ್ದರು. ನಮ್ಮವರು ಟೆಲಿಕಾಂ ಕಂಪನಿಯಲ್ಲಿ ಮೂವತ್ತು ಜನಕ್ಕೆ ಬಾಸು, ಇಲ್ಲಿ ಗೇಟು! ಪ್ರಯಾಣಿಕರ ಜಾಗದಲ್ಲಿ ಜೋಳದ ಹಿಟ್ಟಿನ ಮೂಟೆ. ನೀರು ತುಂಬಿಸಲು ಭಾವ ನಿಜವಾಗಿಯೂ ಪೈಪು ಬಿಟ್ಟರು.

"ಟ್ಯಾಂಕರಿಗೆ ಕಾದು ಕಾದು ಪಾತ್ರೆ ತೊಳೀತಿದ್ದೀನಿ ನಾನು! ಇವರಿಗೆ ಕಾಲುವೆ ಬೇಕಂತೆ ಕಾಲುವೆ!" ಎಂದು ಅಕ್ಕ ವರಾಂಡದಿಂದ ಕೂಗಿದಳು.

ಭಾವ ಎಂದಿನ ಹಾಗೆ ನೀರು ತುಂಬುವ ಮೊದಲೇ ಗಾಡಿ ನುಗ್ಗಿಸಿದರು. ಮುಂದಿನ ಗೇಟು ಹೌಹಾರಿ ಪಕ್ಕಕ್ಕೆ ಹಾರಿತು. ಮೂಟೆ ಉರುಳಿ, ಬಾಯಿ ಬಿಚ್ಚಿ, ಭಾವನ ಮೇಲೆ ಬಿತ್ತು. ಹುಬ್ಬಿನವರೆಗೆ ಹಿಟ್ಟು ಮೆತ್ತಿಕೊಂಡು ಎದ್ದ ಅವರನ್ನು ನೋಡಿ ಅಕ್ಕ ನಕ್ಕಳು ನೋಡಿ, ಕಂಬ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ! ಆ ನಗು ಕೇಳಿ ಎಷ್ಟು ಕಾಲವಾಗಿತ್ತು. ನಗುನಗುತ್ತಲೇ ಇಳಿದು ಬಂದಳು.

"ತೆಗೀರಿ ಆ ಮೂಟೇನ. ನಾನೇ ಕೂತ್ಕೋತೀನಿ. ರೊಟ್ಟಿಗಾದ್ರೂ ಹಿಟ್ಟು ಉಳೀಲಿ."

ಅಕ್ಕ ಗಾಡಿಯ ಎರಡೂ ಅಂಚು ಗಟ್ಟಿಯಾಗಿ ಹಿಡಿದು ಕೂತಳು. ಬೆರಳು ಬಿಳಿಚಿಕೊಂಡಿದ್ದವು. ಭಾವ ತಳ್ಳಲು ಬಗ್ಗಿದಾಗ ಒಟಿಯೆನೋ ಮೆಲ್ಲಗೆ, "ಪೋಲೆ ಪೋಲೆ, ಬ್ವಾನಾ," ಎಂದ. ಈಗ ಬೈಗುಳ ಗ್ಯಾರಂಟಿ ಅಂದುಕೊಂಡೆ. ಆದರೆ ಭಾವ ವರಾಂಡದಿಂದ ಗೇಟಿನವರೆಗೆ ನಿಧಾನವಾಗಿ ತಳ್ಳಿಕೊಂಡು ಹೋದರು. ಗೇಟು ಹತ್ತಿರ ಬಂದಕೂಡಲೆ ಅಕ್ಕ, "ಸಾಕು ರೀ," ಎಂದು ಇಳಿದುಬಿಟ್ಟಳು.

ಮೂರನೇ ಬ್ಯಾಚು ಕಾರಿನಲ್ಲಿ. ಅಕ್ಕ ಸೀಟಿನಲ್ಲಿ ಕೂತು ಒಂದು ಲೋಟ ಕಾಫಿ ಕುಡಿದಳು. "ಪಾಸ್!" ಎಂದು ಭಾವ ಕುಣಿದರು. "ಭಾವ, ಎಂಜಿನ್ನೇ ಹಾಕಿಲ್ಲ!" ಎಂದೆ ನಾನು. "ಕಂಡಿಷನಲ್ ಪಾಸ್," ಎಂದರು. ಇವರ ಕಾರ್ಖಾನೆಯ ಮಾತ್ರೆ ಇನ್ನು ಮುಟ್ಟಬಾರದು ಎಂದು ನಾನು ಆವತ್ತೇ ನಿರ್ಧರಿಸಿದೆ.

ಹೊರಡುವ ದಿನ ಬಂತು. ನನ್ನ ಯಜಮಾನರೇ ಕಾರು ಓಡಿಸಲು ಕೂತರು, ನಾನು ಅವರ ಪಕ್ಕದಲ್ಲಿ. ಹಿಂದಿನ ಸೀಟಿನಲ್ಲಿ ಅಕ್ಕ ಹೊಸ ಸ್ವೆಟರ್ ಹಾಕಿಕೊಂಡು, ಮಗಳಿಗೆಂದು ಮಾಡಿದ ಕೋಡುಬಳೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ ಕೂತಿದ್ದಳು. ಭಾವ ಅವಳ ಕೈ ಹಿಡಿದಿದ್ದರು. ನನ್ನ ಯಜಮಾನರು ಎಂಜಿನ್ ಹಾಕಿದರು, ಕಾರು ಹೊರಟಿತು. ಒಟಿಯೆನೋ ಗೇಟು ತೆಗೆದ. ಸರಿಯಾಗಿ ಅದೇ ಹೊತ್ತಿಗೆ ಒಂದು ಮಟಾಟು ಹಾರ್ನು ಬಾರಿಸುತ್ತ ಎದುರಿಗೇ ಭರ್ರೆಂದು ಹೋಯಿತು.

ಅಕ್ಕ ಬಾಗಿಲು ತೆಗೆದು ಇಳಿದುಬಿಟ್ಟಳು. ಡಬ್ಬಿ ಬಿದ್ದು ಕೋಡುಬಳೆಯೆಲ್ಲ ನೆಲಕ್ಕೆ ಚೆಲ್ಲಿತು. ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತಳು. "ನನ್ನ ಕೈಲಾಗಲ್ಲ ರೀ. ನೀವೆಲ್ಲ ಹೋಗಿಬನ್ನಿ. ಮಗು ಕಾಯ್ತಿರತ್ತೆ. ಅಮ್ಮನಿಗೆ ಆಗ್ಲಿಲ್ಲ ಅಂತ ಹೇಳಿ."

ಯಾರು ಹೋಗುತ್ತಾರೆ? ಭಾವ ಎಂಜಿನ್ ಆರಿಸಲು ಹೇಳಿದರು. ಪೆಟ್ಟಿಗೆಗಳು ಒಳಗೆ ಬಂದವು. ನಮ್ಮನ್ನು ಬಿಟ್ಟು ವಿಮಾನ ಹೊರಟುಹೋಯಿತು. ಮಗಳಿಗೆ ಫೋನ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅವಳು, "ಇಟ್ಸ್ ಓಕೆ ಚಿಕ್ಕಮ್ಮ," ಎಂದಳು. ಓಕೆ ಅಲ್ಲ ಎಂದು ಆ ದನಿಯಲ್ಲೇ ಗೊತ್ತಾಗುತ್ತಿತ್ತು.

ನನಗೆ ತಡೆಯಲಾಗಲಿಲ್ಲ. ಅಡುಗೆಮನೆಯಲ್ಲಿ ಭಾವನ ಮೇಲೆ ಹರಿಹಾಯ್ದೆ. "ಮೊದಲೇ ಬಡ್ಕೊಂಡೆ ನಾನು! ಅವಳಿಗೆ ಕಾರು ಅಂದ್ರೆ ಹೆದರಿಕೆ ಅಂತ ಗೊತ್ತಿದ್ದೂ ಯಾಕೆ ಆಸೆ ಹುಟ್ಟಿಸಿದ್ರಿ? ಈಗ ಇನ್ನೂ ಒಳಗೆ ಸೇರ್ಕೊಂಡ್ಳು, ನೋಡಿ!"

ಭಾವನ ಮುಂದಿದ್ದ ಕಾಫಿ ಕೆನೆಗಟ್ಟಿ ತಣ್ಣಗಾಗಿತ್ತು. ಭಾವ ಕಾಫಿ ಆರಲು ಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

"ಅವಳು ಹೆದರೋದು ಕಾರಿಗಲ್ಲಮ್ಮ," ಎಂದರು. "ನನಗೆ. ಅವತ್ತು ದಾರಿಯುದ್ದಕ್ಕೂ 'ನಿಧಾನ ರೀ, ನಿಧಾನ ರೀ' ಅಂತ ಹೇಳ್ತಾನೇ ಇದ್ದಳು. ನಾನು ಕೇಳ್ಲಿಲ್ಲ."

ಎರಡು ವರ್ಷದಲ್ಲಿ ಆ ರಾತ್ರಿಯ ಮಾತು ಅವರ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಹೊಸ ಕಾಫಿ ಮಾಡಿಕೊಟ್ಟು ಮನೆಗೆ ಬಂದೆ.

ಮಾರನೆಯ ದಿನ ಮಧ್ಯಾಹ್ನ ಭಾವನ ಫೋನು. "ವಾರ ಪೂರ್ತಿ ರಜಾ ಹಾಕಿದ್ದೀನಿ, ಮನೇಲಿ ಕೂತು ಏನ್ಮಾಡ್ಲಿ? ಸಾಯಂಕಾಲ ದೋಣಿ ಹೊರಡತ್ತೆ. ಬನ್ನಿ."

ತಲೆ ಪೂರ್ತಿ ಕೆಟ್ಟಿತು ಎಂದುಕೊಂಡೇ ಹೋದೆವು. ಅಂಗಳದಲ್ಲಿ ಅದೇ ಕೈಗಾಡಿ. ಮೇಲೆ ಹಾಸಿಗೆ, ದಿಂಬು, ಕಾಫಿ ಫ್ಲಾಸ್ಕು. ನೈರೋಬಿಯ ಜೂನ್ ತಿಂಗಳ ಚಳಿಗೆ ಶಾಲು ಹೊದ್ದುಕೊಂಡು ಅಕ್ಕ ಕೂತಿದ್ದಳು. ಅತ್ತು ಅತ್ತು ಮುಖ ಊದಿಕೊಂಡಿತ್ತು. "ಇವರ ಕಾಟಕ್ಕೆ ಕೂತಿದ್ದೀನಿ ಕಣೇ," ಎಂದಳು. ಒಟಿಯೆನೋ ಗೇಟಿನ ಎರಡೂ ಬಾಗಿಲು ತೆಗೆದ. ಗೇಟಿನವರೆಗೆ ಹೋಗಿ ಗಾಡಿ ನಿಂತಿತು. ಮುಂದೆ ರಸ್ತೆ. ಅಕ್ಕನ ಕೈ ಗಾಡಿಯ ಅಂಚನ್ನು ಬಿಗಿಯಾಗಿ ಹಿಡಿಯಿತು.

ಭಾವ ತಳ್ಳಲಿಲ್ಲ. ಬಾ ಅನ್ನಲಿಲ್ಲ, ಏನಾಗಲ್ಲ ಅನ್ನಲಿಲ್ಲ. ಸುಮ್ಮನೆ ನಿಂತರು. ಹೊತ್ತು ಹೋಯಿತು. ನನಗೇ ಕಾಲು ನೋಯತೊಡಗಿತು. "ಏನು ಭಾವ?" ಎಂದರು ನನ್ನ ಯಜಮಾನರು ಮೆಲ್ಲಗೆ.

"ನೀರು ತುಂಬ್ತಾ ಇದೆ," ಎಂದರು ಭಾವ. "ಕಾಯ್ಬೇಕು."

ಪ್ರಸಾದ ಆರುತ್ತದೆ ಎಂದು ದೇವರ ಕಥೆಯನ್ನೇ ಮೊಟಕು ಮಾಡಹೊರಟಿದ್ದ ಮನುಷ್ಯ ತಮ್ಮ ಹೆಂಡತಿಯ ಬೆನ್ನು ನೋಡುತ್ತ ಕಾಯುತ್ತಲೇ ಇದ್ದರು. ನಾನು ಆಚೆ ತಿರುಗಿ ಮೂಗು ಒರೆಸಿಕೊಂಡೆ. ಆಮೇಲೆ ಯಾವಾಗಲೋ ಅಕ್ಕ, "ಹೂಂ," ಎಂದಳು. ಗಾಡಿ ಗೇಟು ದಾಟಿತು.

ರಸ್ತೆಯ ಅಂಚಿನಲ್ಲಿ ದೋಣಿ ಹೋಯಿತು. ತಿರುವಿನ ತರಕಾರಿ ಅಂಗಡಿ ದಾಟಿತು. ಅಕ್ಕ ಮೊದಲು ಒಂದು ಕೈ ಬಿಟ್ಟಳು, ಆಮೇಲೆ ಇನ್ನೊಂದು. ಅವರಿವರ ಬೇಲಿಯ ಹೂವು ನೋಡುತ್ತ, ಹೊಸದಾಗಿ ಎದ್ದ ಮನೆಗಳನ್ನು ನೋಡುತ್ತ, "ಇದ್ಯಾವಾಗ ಕಟ್ಟಿದ್ರು?" ಎಂದು ನನ್ನನ್ನು ಕೇಳುತ್ತ ಹೋದಳು. ಇಳಿಜಾರಿನ ಹತ್ತಿರ ಗಾಳಿ ಜೋರಾಯಿತು.

"ರೀ, ಸ್ವಲ್ಪ ಬೇಗ ತಳ್ಳಿ. ಚಳಿ ಆಗ್ತಿದೆ."

"ಆಗಲ್ಲ," ಎಂದರು ಭಾವ. "ರೂಲ್ಸು."

ಹಿಂದಿನಿಂದ ಬಾಳೆಹಣ್ಣಿನ ಬುಟ್ಟಿ ಹೊತ್ತ ಮುದುಕಿಯೊಬ್ಬಳು ನಡೆದು ಬಂದಳು. ಗಾಡಿಯನ್ನೂ ಅಕ್ಕನನ್ನೂ ನೋಡಿ ನಕ್ಕಳು. ನಮ್ಮ ಭಾವ ಗಾಡಿಯನ್ನು ಪಕ್ಕಕ್ಕೆ ಸರಿಸಿ ನಿಂತು, ಅವಳಿಗೆ ದಾರಿ ಬಿಟ್ಟುಕೊಟ್ಟರು.