ಭೋಂಗಾ ಎಂದರೆ ಚಿಮಣಿಯಲ್ಲ

ಸಿಂಧನೂರು ನಗರ ವಿದ್ಯುತ್ ಸಂಸ್ಥೆಯು ೧೯೮೯ನೇ ಇಸವಿಯಲ್ಲಿ ವಾಯುಮಾಲಿನ್ಯದ ನಿಯಮಗಳನ್ನು ಸಂಪೂರ್ಣವಾಗಿ ಪಾಲಿಸಿತು. ಅದಕ್ಕಾಗಿ ಹೊಸ ಯಂತ್ರ ಯಾವುದನ್ನೂ ಕೊಳ್ಳಲಿಲ್ಲ, ಹಳೆಯ ಯಂತ್ರ ಯಾವುದನ್ನೂ ನಿಲ್ಲಿಸಲಿಲ್ಲ. ಇದು ಹೇಗೆ ಸಾಧ್ಯವಾಯಿತೆಂದು ತಿಳಿಯಬೇಕಾದರೆ ಮೊದಲು ಹಂಪಣ್ಣನ ಅಡುಗೆಮನೆಯ ಸ್ಥಿತಿಯನ್ನು ತಿಳಿಯಬೇಕು.

ಹಂಪಣ್ಣ ಸಂಸ್ಥೆಯ ಪವರ್‌ಹೌಸಿಗೆ ಪ್ರಭಾರಿ ಸೂಪರಿಂಟೆಂಡೆಂಟ್. ಪ್ರಭಾರಿ ಎಂದರೆ ಕಾಯಂ ಸೂಪರಿಂಟೆಂಡೆಂಟ್ ಬರುವ ತನಕ ಕೆಲಸ ನೋಡಿಕೊಳ್ಳುವವನು. ಬರಬೇಕಾದವನು ಬರಲೇ ಇಲ್ಲ. ಕಾಯುತ್ತ ಕಾಯುತ್ತ ಹಂಪಣ್ಣನ ತಲೆ ಬೆಳ್ಳಗಾಯಿತು. ಅದರಲ್ಲಿ ವಯಸ್ಸಿನ ಪಾಲೆಷ್ಟು, ಬೂದಿಯ ಪಾಲೆಷ್ಟು ಎಂಬುದು ತಲೆಗೆ ನೀರೆರೆದುಕೊಂಡ ದಿನವಷ್ಟೇ ಗೊತ್ತಾಗುತ್ತಿತ್ತು. ಪ್ರಭಾರಿಗಳಿಗೆ ಅರ್ಧ ಕ್ವಾರ್ಟರ್ಸ್ ಮಾತ್ರ ಕೊಡತಕ್ಕದ್ದೆಂದು ಸಂಸ್ಥೆಯ ನಿಯಮವಿತ್ತು. ಉಳಿದರ್ಧಕ್ಕೆ ಬೀಗ. ಅಡುಗೆಮನೆ ಆ ಉಳಿದರ್ಧದಲ್ಲಿತ್ತು. ಹೆಂಡತಿ ಸಂಗಮ್ಮ ಮದುವೆಯಾಗಿ ಬಂದಾಗಿನಿಂದ ಪಡಸಾಲೆಯಲ್ಲಿ ಒಲೆ ಹೂಡಿ, ಬೀಗದ ಕಡೆ ನೋಡುತ್ತ ರೊಟ್ಟಿ ಬಡಿಯುತ್ತಿದ್ದಳು.

"ಕಾಯಂ ಆಗೋದು ಯಾವಾಗ ಅಂತ ಒಂದ್ಸಲ ಬಾಯಿ ಬಿಟ್ಟು ಕೇಳ್ರಿ," ಎನ್ನುತ್ತಿದ್ದಳು. "ನಾ ಸತ್ತ ಮ್ಯಾಲೆ ಅಡುಗಿಮನಿ ತೆಗದ್ರ ತಿಥಿ ಅಡುಗಿ ಮಾಡಾಕ ಬರ್ತೈತಿ, ಅಷ್ಟ."

ಪವರ್‌ಹೌಸು ಭತ್ತದ ಹೊಟ್ಟನ್ನು ಸುಟ್ಟು ಕರೆಂಟು ಮಾಡುತ್ತಿತ್ತು. ಹೊಟ್ಟು ಜವಳಗೇರಾದ ಅಕ್ಕಿ ಗಿರಣಿಗಳಿಂದ ಬರುತ್ತಿತ್ತು. ಗಿರಣಿಗಳು ಸಂಸ್ಥೆಯ ಅಧ್ಯಕ್ಷ ಅಮರಗುಂಡಪ್ಪನವರವು. ಮೊದಲು ಆ ಹೊಟ್ಟನ್ನು ಕಾಲುವೆ ದಂಡೆಗೆ ಸುರಿಸಲು ಅವರೇ ಕೂಲಿ ಕೊಡುತ್ತಿದ್ದರು. ಅಧ್ಯಕ್ಷರಾದ ಮೇಲೆ ಅದು ಇಂಧನವೆಂದು ಗುರುತಿಸಿದರು. ಹೊಟ್ಟಿನ ಹೊಗೆ ಒಂದು ದೊಡ್ಡ ಕಬ್ಬಿಣದ ಕೊಳವೆಯಿಂದ ಮೇಲೆ ಹೋಗುತ್ತಿತ್ತು. ಪಾಳಿ ಬದಲಾದಾಗ ಕೂಗುವ ಭೋಂಗಾವನ್ನು ಅದಕ್ಕೇ ಕಟ್ಟಿದ್ದರಿಂದ ಊರ ಮಂದಿ ಇಡೀ ಕೊಳವೆಗೆ ಭೋಂಗಾ ಎನ್ನುತ್ತಿದ್ದರು. ಸಂಸ್ಥೆಯೂ ಹಾಗೇ ಎನ್ನುತ್ತಿತ್ತು.

ಹೀಗಿರುವಾಗ ಲಿಂಗಸುಗೂರಿನ ವಾಯುಶುದ್ಧಿ ಉಪಕಚೇರಿಯಿಂದ ಹುಕುಂ ಬಂತು. 'ತಮ್ಮ ಸಂಸ್ಥೆಯ ವ್ಯಾಪ್ತಿಯಲ್ಲಿರುವ ಸಕಲ ಚಿಮಣಿಗಳು ಮಟ್ಟದಿಂದ ಮೂವತ್ತು ಮೀಟರ್ ಎತ್ತರದಲ್ಲಿರತಕ್ಕದ್ದು. ಚಿಮಣಿಗಳ ಹೊಗೆಯು ಕಪ್ಪಾಗಿರತಕ್ಕದ್ದಲ್ಲ. ತಪ್ಪಿದಲ್ಲಿ ಸಂಸ್ಥೆಯನ್ನು ಮುಚ್ಚಲಾಗುವುದು.'

ಅಮರಗುಂಡಪ್ಪನವರು ಹುಕುಮನ್ನು ಎರಡು ಸಲ ಓದಿಸಿದರು.

"ಹಂಪಣ್ಣ, ನಿಮ್ಮ ಮನ್ಯಾಗ ಚಿಮಣಿ ಅಂದ್ರ ಏನು?"

ಹಂಪಣ್ಣ ಗುಲಬರ್ಗಾದಲ್ಲಿ ಡಿಪ್ಲೊಮಾ ಓದಿದವನು. ಹುಕುಮಿನಲ್ಲಿರುವ ಚಿಮಣಿ ಯಾವುದೆಂದು ಅವನಿಗೆ ಗೊತ್ತಿತ್ತು. ಕಿಟಕಿಯಿಂದ ಅದು ಕಾಣುತ್ತಲೂ ಇತ್ತು. ಆದರೆ ಪ್ರಶ್ನೆ ಮನೆಯದ್ದಾಗಿತ್ತು.

"ಸೀಮೆಎಣ್ಣಿ ಬುಡ್ಡಿ ರೀ. ಲೈಟ್ ಹೋದಾಗ ಹಚ್ಚೋದು."

"ನಮ್ಮ ಮನ್ಯಾಗೂ ಅದ. ರಾಯಚೂರ ಜಿಲ್ಲಾದಾಗ ಯಾರ್ನ ಕೇಳಿದ್ರೂ ಅದ. ಮತ್ತ ಅಲ್ಲಿ ನಿಂತದ್ದು?"

ಹಂಪಣ್ಣ ಕಿಟಕಿಯತ್ತ ನೋಡಿದ. "ಅದಕ್ಕ ಕಾಲೇಜಿನ್ಯಾಗ..."

"ಕಾಲೇಜಿನ ಮಾತು ಬ್ಯಾಡ. ಧೂಳು ಹಿಡಿಯೋ ಮಷೀನು ಕೊಳ್ಳೂದಾದ್ರ ಸಂಸ್ಥೆ ಮುಳಗತೈತಿ. ಸಂಸ್ಥೆ ಮುಳುಗಿದ್ರ ನಿಮ್ಮನ್ನ ಕಾಯಂ ಮಾಡೋರು ಯಾರು?"

ಹಂಪಣ್ಣನಿಗೆ ಬೀಗ ಕಣ್ಣಿಗೆ ಕಟ್ಟಿತು. "ಅದು ಭೋಂಗಾ ರೀ," ಎಂದ.

ಮರುದಿನದಿಂದ ಸಂಸ್ಥೆ ಚಿಮಣಿ ಗಣತಿಯನ್ನು ಆರಂಭಿಸಿತು. ಎತ್ತರದ ಷರತ್ತು ಮೊದಲ ದಿನವೇ ಬಗೆಹರಿಯಿತು. ಹುಕುಮಿನಲ್ಲಿ ಮಟ್ಟ ಎಂದಷ್ಟೇ ಇತ್ತು, ಯಾವ ಮಟ್ಟವೆಂದು ಇರಲಿಲ್ಲ. ಹಂಪಣ್ಣ ಸಮುದ್ರ ಮಟ್ಟದಿಂದ ಲೆಕ್ಕ ಹಿಡಿದ. ಊರಿನ ಯಾವ ಚಿಮಣಿಯೂ, ನೆಲದ ಮೇಲಿಟ್ಟದ್ದು ಕೂಡ, ಮೂವತ್ತು ಮೀಟರಿಗಿಂತ ಕೆಳಗಿರಲಿಲ್ಲ. ಹೊಗೆಯದೊಂದೇ ಉಳಿಯಿತು. ಅದನ್ನು ವಿಚಾರಿಸಲು ಅವನು ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ, ಮಂಡಾಳು ಮಾರುವ ಖಾತೂನ್‌ಬೀಯ ಬಂಡಿಯ ಹತ್ತಿರ ನಿಂತು, ಅದರ ಮೇಲಿದ್ದ ಚಿಮಣಿಗೆ ಬೆರಳು ತೋರಿಸಿದ.

"ಈ ಚಿಮಣಿ ಹೊಗಿ ಬಿಡತೈತೇನು?"

"ಹಚ್ಚಿದ್ರ ಬಿಡತೈತ್ರಿ ಸಾಹೇಬ್ರ. ಹಚ್ಚಲಿಲ್ಲಂದ್ರ ಪಾಪ, ಸುಮ್ಮನ ಕುಂದರತೈತಿ."

"ಯಾವಾಗ ಹಚ್ತೀ?"

"ಲೈಟ್ ಹೋದಾಗ."

"ಲೈಟ್ ಯಾವಾಗ ಹೋಗತೈತಿ?"

ಖಾತೂನ್‌ಬೀ ಜಾಲರಿ ಸೌಟನ್ನು ಎಣ್ಣೆಯಿಂದ ಎತ್ತಿ ಹಿಡಿದು ಅವನನ್ನು ನೋಡಿದಳು. "ತೆಗಿಯೋರು ನೀವು. ನನ್ನ ಕೇಳಾಕ ಬಂದೀರಿ."

ಮಾತು ಖರೆ ಇತ್ತು. ಊರಿನ ಮಾಲಿನ್ಯಕ್ಕೆ ಕರೆಂಟಿನ ಕೊರತೆಯೇ ಕಾರಣವೆಂದು ಹಂಪಣ್ಣ ವರದಿ ಮಾಡಿದ. ಅಧ್ಯಕ್ಷರು ಸಭೆ ಕರೆದರು.

"ಅಂದ್ರ ಲೈಟ್ ಹೋಗದಂಗ ನೋಡಿಕೊಂಡ್ರ ಹೊಗಿ ನಿಂತಂಗ."

"ಹೌದ್ರಿ. ಆದ್ರ ಪವರ್‌ಹೌಸು ಹಗಲೂ ರಾತ್ರಿ ನಡೀಬೇಕಾಗತೈತಿ."

"ನಡೀಲಿ."

"ಹೊಟ್ಟು ಮೂರು ಪಟ್ಟು ಬೇಕಾಗತೈತ್ರಿ."

ಅಮರಗುಂಡಪ್ಪನವರು ಕಣ್ಣು ಮುಚ್ಚಿ ಕುಳಿತರು. "ಊರಿನ ಗಾಳಿ ಸಲುವಾಗಿ ಎಷ್ಟು ಹೊಟ್ಟು ಬೇಕಾದ್ರೂ ಕೊಡ್ತೀನಿ," ಎಂದರು. ಸಭೆ ಚಪ್ಪಾಳೆ ತಟ್ಟಿತು. ದರವನ್ನು ಚಪ್ಪಾಳೆ ಮುಗಿದ ಮೇಲೆ ಹೇಳಿದರು.

ಪ್ರತಿ ಗುಡಿಸಲಿಗೂ ಒಂದೊಂದು ಬಲ್ಬು ಹಾಕಿ, ಚಿಮಣಿಗಳನ್ನು ಜಪ್ತಿ ಮಾಡಲಾಯಿತು. ಓಣಿ ಓಣಿಗೂ ಜೀಪಿನ ಮೈಕಿನಲ್ಲಿ ಪ್ರಕಟಣೆ ಹೊರಟಿತು: 'ಇಂದಿನಿಂದ ಯಾರೂ ಚಿಮಣಿ ಹಚ್ಚತಕ್ಕದ್ದಲ್ಲ. ಈಗಾಗಲೇ ಹಚ್ಚಿದ ಚಿಮಣಿಯನ್ನು ಊದಿ ಆರಿಸಿದರೆ ಹೆಚ್ಚಿನ ಹೊಗೆ ಬರುವುದರಿಂದ, ಸಂಸ್ಥೆಯ ಅಪ್ಪಣೆಯಿಲ್ಲದೆ ಆರಿಸತಕ್ಕದ್ದೂ ಅಲ್ಲ. ಗಾಳಿಗೆ ತಾನೇ ಆರಿದ ಚಿಮಣಿಯ ಬಗ್ಗೆ ಗಾಳಿಯ ದಿಕ್ಕನ್ನು ನಮೂದಿಸಿ ಮಾಹಿತಿ ಕೊಡತಕ್ಕದ್ದು.'

ಪವರ್‌ಹೌಸು ನಿಲ್ಲದೆ ಉರಿಯಿತು. ಭೋಂಗಾ ತನ್ನ ಕೆಲಸವನ್ನು ಮನಸ್ಸಿಟ್ಟು ಮಾಡಿತು. ಮೊದಲು ಬೆಟ್ಟ ಗುಡ್ಡ ಕಾಣದಾದವು, ಆಮೇಲೆ ನೀರಿನ ಟಾಕಿ, ಕೊನೆಗೆ ಸೂರ್ಯ. ಕೋಳಿಗಳು ಸ್ವಲ್ಪ ದಿನ ತಕರಾರು ಮಾಡಿ ಭೋಂಗಾ ಕೂಗಿದಾಗ ತಾವೂ ಕೂಗಲು ಒಪ್ಪಿಕೊಂಡವು. ಟಾಕೀಸಿನ ಚಾಂದ್‌ಪಾಷಾ ಮ್ಯಾಟ್ನಿ ಆಟವನ್ನು ಬಯಲಿನಲ್ಲೇ ತೋರಿಸತೊಡಗಿದ. ಶಿವಭಕ್ತರು ವಿಭೂತಿ ಕೊಳ್ಳುವುದನ್ನು ಬಿಟ್ಟರು. ಅಂಗಳದಲ್ಲಿ ಸ್ವಲ್ಪ ಹೊತ್ತು ಮೇಲೆ ನೋಡಿಕೊಂಡು ನಿಂತರೆ ಸಾಕಾಗುತ್ತಿತ್ತು. ದಿನವಿಡೀ ದೀಪ ಉರಿದವು, ಮೀಟರು ತಿರುಗಿದವು. ಊರಿನಲ್ಲಿ ಚಿಮಣಿ ಹಚ್ಚಿದವರು ಒಬ್ಬರೂ ಇರಲಿಲ್ಲ. ವ್ಯಾಪ್ತಿಯಲ್ಲಿ ಚಿಮಣಿ ಒಂದೂ ಇಲ್ಲವೆಂದು ಸಂಸ್ಥೆ ಲಿಂಗಸುಗೂರಿಗೆ ಬರೆಯಿತು.

"ಊರಾಗಿನ ಹೊಗಿ ಹೋತಂತಲ್ರಿ," ಎಂದಳು ಸಂಗಮ್ಮ, ಒಣಹಾಕಿದ ಬಿಳಿ ಧೋತರವನ್ನು ಕರಿ ಕಂಬಳಿಯಂತೆ ಮಡಚುತ್ತ. "ಎಲ್ಲಿಗೆ ಹೋಗೈತಿ ಅಂತ ಯಾರರ ನೋಡ್ಯಾರೇನು?"

ತಪಾಸಣೆಗೆಂದು ಲಿಂಗಸುಗೂರಿನಿಂದ ವಾಯು ಪರೀಕ್ಷಕ ಕನಕರಾಯರು ಬಸ್ಸು ಹತ್ತಿದರು. ಮಸ್ಕಿ ದಾಟಿದ ಮೇಲೆ ಡ್ರೈವರ್ ಹೆಡ್‌ಲೈಟ್ ಹಾಕಿದ. ಮಟಮಟ ಮಧ್ಯಾಹ್ನ ಸಿಂಧನೂರಿನಲ್ಲಿ ಇಳಿದ ಕನಕರಾಯರು, ವಸ್ತಿ ಮಾಡಲು ಲಾಡ್ಜು ಎಲ್ಲಿದೆಯೆಂದು ಕೇಳಿದರು. ಆಗ ತಾನೇ ಊಟಕ್ಕೆ ಹೊರಟಿದ್ದ ಮಂದಿ ಅವರನ್ನು ಪವರ್‌ಹೌಸಿಗೆ ಕರೆತಂದರು.

ಅವರ ಹತ್ತಿರ ಐದು ಚೌಕಗಳ ಒಂದು ರಟ್ಟಿತ್ತು. ಮೊದಲ ಚೌಕ ಬಿಳಿ, ಐದನೆಯದು ಕಾಡಿಗೆ ಕಪ್ಪು. ರಟ್ಟನ್ನು ಹೊಗೆಯ ಎದುರು ಹಿಡಿದು ಯಾವ ಚೌಕಕ್ಕೆ ಹೊಂದುತ್ತದೆಂದು ನೋಡುವುದು ಪದ್ಧತಿ. ಕನಕರಾಯರು ಮೇಲೆ ಕೈ ಮಾಡಿದರು.

"ಇಷ್ಟು ದೊಡ್ಡ ಚಿಮಣಿ ಇಟಗೊಂಡು ಒಂದೂ ಚಿಮಣಿ ಇಲ್ಲಂತ ಬರದೀರಲ್ರಿ ಅಧ್ಯಕ್ಷರ?"

"ಅದು ಭೋಂಗಾ," ಎಂದರು ಅಮರಗುಂಡಪ್ಪ.

ಕನಕರಾಯರು ಹಂಪಣ್ಣನತ್ತ ತಿರುಗಿದರು. "ನೀವು ಓದಿದವರು. ಖರೆ ಹೇಳ್ರಿ. ಇದು ಏನು?"

ಹಂಪಣ್ಣನ ಗಂಟಲಲ್ಲಿ ಬೂದಿ ಇತ್ತು. ಕ್ಯಾಕರಿಸಿದ. ಪಡಸಾಲೆಯ ಒಲೆ, ಮಳೆಗಾಲದಲ್ಲಿ ಅದರ ಮೇಲೆ ಕೊಡೆ ಹಿಡಿದು ಕೂತ ಸಂಗಮ್ಮ, ಎಲ್ಲ ನೆನಪಾಯಿತು.

"ಭೋಂಗಾ ರೀ. ಕೂಗತೈತಿ."

"ಕೂಗಿದ್ರೇನು, ಇದು ಚಿಮಣಿ! ನಾ ಬರಕೊಂಡು ಹೋಗ್ತೀನಿ." ಕನಕರಾಯರು ಜೇಬಿನಿಂದ ಪೆನ್ನು ತೆಗೆದರು. ಅಂಗಳದ ಬಲ್ಬುಗಳ ಮೇಲೆ ಮಸಿ ಕೂತು ಅವು ತಮ್ಮನ್ನು ತಾವೇ ಅಷ್ಟಿಷ್ಟು ಬೆಳಗಿಕೊಳ್ಳುತ್ತಿದ್ದವು. ರಟ್ಟೂ ಕಾಣಲಿಲ್ಲ, ಪೆನ್ನೂ ಕಾಣಲಿಲ್ಲ. ಕನಕರಾಯರಿಗೆ ಸಿಟ್ಟು ಬಂತು.

"ಯಾರದೀರಿ ಅಲ್ಲಿ? ಒಂದು ಚಿಮಣಿ ತರ್ರಿ ಲಗೂನ."

ಯಾರೂ ಅಲುಗಲಿಲ್ಲ.

"ಏನು ತರಬೇಕ್ರಿ ಸಾಹೇಬ್ರ?" ಎಂದರು ಅಮರಗುಂಡಪ್ಪ, ಬಹಳ ಮೃದುವಾಗಿ.

"ಚಿಮಣಿರೀ, ಚಿಮ..." ಕನಕರಾಯರು ಅಲ್ಲಿಗೇ ನಿಂತರು. ಅವರು ಹುಟ್ಟಿದ್ದು ಇದೇ ಜಿಲ್ಲೆಯ ಸಂತೆಕಲ್ಲೂರಿನಲ್ಲಿ. ಅವರ ತಾಯಿಯೂ ಅದಕ್ಕೆ ಚಿಮಣಿ ಎಂದೇ ಅನ್ನುತ್ತಿದ್ದಳು.

ಜಪ್ತಿಯ ರಾಶಿಯಿಂದ ಒಂದನ್ನು ತಂದು ಹಚ್ಚಿಕೊಟ್ಟರು. ಅದರ ಬೆಳಕಿನಲ್ಲಿ ರಟ್ಟು ಹಿಡಿದು ಭೋಂಗಾದ ಹೊಗೆಯನ್ನು ನೋಡಲು ಹೋದರೆ, ಹೊಗೆ ಯಾವುದು, ಆಕಾಶ ಯಾವುದು ತಿಳಿಯಲಿಲ್ಲ. ಎರಡೂ ಐದನೆಯ ಚೌಕವೇ.

"ಆಕಾಶಕ್ಕ ಏನರ ನಿಯಮ ಐತೇನ್ರಿ?" ಎಂದು ಹಂಪಣ್ಣ ವಿನಯದಿಂದ ಕೇಳಿದ.

ಇರಲಿಲ್ಲ. ಆದರೆ ಕೈಯಲ್ಲಿದ್ದ ಚಿಮಣಿಯ ಹೊಗೆ ರಟ್ಟಿನ ಬಿಳಿ ಚೌಕವನ್ನು ಎಲ್ಲರ ಕಣ್ಣೆದುರೇ ಕಪ್ಪು ಮಾಡಿತು. ಕನಕರಾಯರು ಪ್ರಾಮಾಣಿಕ ನೌಕರರು. ಕಂಡದ್ದನ್ನೇ ಬರೆದರು: 'ಸಿಂಧನೂರು ಸಂಸ್ಥೆಯ ವ್ಯಾಪ್ತಿಯಲ್ಲಿ ಆಕಾಶಕ್ಕಿಂತ ಭಿನ್ನವಾದ ಹೊಗೆ ಕಂಡುಬಂದಿಲ್ಲ. ಹೊತ್ತಿದ್ದ ಚಿಮಣಿ ಒಂದೇ. ಅದನ್ನು ಹಚ್ಚಿಸಿದ್ದು ಉಪಕಚೇರಿ. ಉಪಕಚೇರಿಗೆ ಎಚ್ಚರಿಕೆ ನೀಡಲಾಗಿದೆ.' ಬರೆದು, ಊದಿ ಆರಿಸಲು ಸಂಸ್ಥೆಯ ಅಪ್ಪಣೆ ಕೇಳಿದರು. ಅಧ್ಯಕ್ಷರು ಕೊಟ್ಟರು.

ಹಂಪಣ್ಣ ಕಾಯಂ ಆದ. ಬೀಗ ತೆಗೆದ ದಿನ ಸಂಗಮ್ಮ ಅಡುಗೆಮನೆಯ ನಾಲ್ಕೂ ಗೋಡೆಗಳನ್ನು ಮುಟ್ಟಿ ನೋಡಿ, ಹೋಳಿಗೆ ಮಾಡಿದಳು. ಆದೇಶದ ಕೊನೆಗೆ ಒಂದು ಸಾಲಿತ್ತು: 'ಆಕಾಶವು ತಪಾಸಣೆಯ ದಿನದ ಸ್ಥಿತಿಯಲ್ಲಿ ಇರುವವರೆಗೆ ಮಾತ್ರ ಈ ನೇಮಕವು ಕಾಯಂ.' ಆಕಾಶ ತಿಳಿಯಾದರೆ ಹೊಗೆ ಎದ್ದು ಕಾಣುತ್ತದೆ ಎಂಬುದು ಅಧ್ಯಕ್ಷರಿಗೂ ಗೊತ್ತಿತ್ತು.

ಹೊಸ ಅಡುಗೆಮನೆಯಲ್ಲಿ ಎರಡು ಹಬ್ಬ ಕಳೆದವು. ಒಂದು ದಿನ ಜವಳಗೇರಾದ ಹೊಟ್ಟಿನ ಟ್ರ್ಯಾಕ್ಟರ್ ಕಾಲುವೆ ಹತ್ತಿರ ಕೆಸರಿನಲ್ಲಿ ಸಿಕ್ಕಿತು. ಉರಿ ಕುಗ್ಗಿತು. ಅದೇ ಹೊತ್ತಿಗೆ ಮಸ್ಕಿ ಕಡೆಯಿಂದ ಗಾಳಿ ಎದ್ದಿತು.

"ಏನ್ರೀ," ಸಂಗಮ್ಮ ಒಳಗಿನಿಂದ ಕರೆದಳು. "ಒಲಿ ಹಂತ್ಯಾಕ ಏನೋ ಬೆಳ್ಳಗ ಬಿದ್ದೈತಿ."

ಹಂಪಣ್ಣ ಬಗ್ಗಿ ನೋಡಿದ. ಬಿಸಿಲು.

"ಲಗೂನ ಹೋಗ್ರಿ," ಎಂದಳು ಅವಳು, ಅದರ ಮೇಲೆ ಒಂದು ಬುಟ್ಟಿ ಬೋರಲು ಹಾಕುತ್ತ. "ಯಾರರ ನೋಡ್ಯಾರು."

ಆಗಲೇ ಎಲ್ಲರೂ ನೋಡಿದ್ದರು. ಪವರ್‌ಹೌಸಿನ ಗೇಟಿನಲ್ಲಿ ಮಂದಿ ಕೂಡಿತ್ತು. ಮುಂದೆ ಖಾತೂನ್‌ಬೀ.

"ಸಂಜಿ ಆತಂತ ಮಂದಿ ಇಡೀ ದಿನ ಮಿರ್ಚಿ ತಿಂತಿದ್ರು ಸಾಹೇಬ್ರ. ಈಗ ಗಡಿಯಾರ ನೋಡಾಕತ್ತಾರ. ನನ್ನ ಹೊಟ್ಟಿ ಮ್ಯಾಲೆ ಹೊಡೀಬ್ಯಾಡ್ರಿ."

"ಪಡದಿ ಮ್ಯಾಲೆ ಹೀರೋನೂ ಇಲ್ಲ, ಹೀರೋಯಿನ್ನೂ ಇಲ್ಲ," ಎಂದ ಚಾಂದ್‌ಪಾಷಾ. "ಬರೇ ಪಡದಿ ಕಾಣಾಕತ್ತೈತಿ. ಟಿಕೀಟು ಹರದೀನಿ, ಮಂದಿಗೆ ಏನು ಹೇಳ್ಲಿ?"

ಹಿಂದೆ ನಿಂತ ಒಬ್ಬ ಮುದುಕ ಕಣ್ಣಿಗೆ ಕೈ ಅಡ್ಡ ಹಿಡಿದು, "ಇದಕ್ಕ ಬಿಲ್ ಬ್ಯಾರೆ ಬರ್ತೈತೋ, ಇದರಾಗ ಬರ್ತೈತೋ?" ಎಂದು ವಿಚಾರಿಸುತ್ತಿದ್ದ.

ಹಂಪಣ್ಣ ಕೈ ಮುಗಿದ. "ತಾಂತ್ರಿಕ ಕಾರಣದಿಂದ ಬಿಸಿಲು ಬಿದ್ದೈತಿ. ಸಂಸ್ಥೆ ವಿಷಾದ ವ್ಯಕ್ತಪಡಸತೈತಿ. ಸ್ವಲ್ಪ ಸಹಕರಿಸ್ರಿ."

ಒಳಗೆ ಹೋಗಿ ಅಂಗಿ ಕಳಚಿ, ತಾನೇ ಸಲಿಕೆ ಹಿಡಿದ. ಉಳಿದಿದ್ದ ಹೊಟ್ಟು, ಹಳೆ ಟೈರು, ಜಪ್ತಿ ಚಿಮಣಿಗಳ ಬತ್ತಿ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯ್ಲರಿನ ಒಲೆಗೆ ಎಸೆದ. ಭೋಂಗಾ ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ಕರ್ರಗೆ ಕಾರಿತು. ಬಿಸಿಲು ಮೊದಲು ಟಾಕಿಯ ಮೇಲಿಂದ ಸರಿಯಿತು, ಆಮೇಲೆ ಬಸ್ ಸ್ಟ್ಯಾಂಡಿನಿಂದ, ಕೊನೆಗೆ ಗೇಟಿನಲ್ಲಿ ನಿಂತವರ ಮುಖಗಳಿಂದ. ಬಯಲಿನ ಪರದೆಯ ಮೇಲೆ ಹೀರೋ ಅರ್ಧ ಹೊಡೆದಾಟದಲ್ಲಿ ಕಾಣಿಸಿಕೊಂಡ. ಮಂದಿ ಸೀಟಿ ಹೊಡೆದರು.

"ಇನ್ನೊಮ್ಮೆ ಹಿಂಗ ಆಗದಂಗ ನೋಡ್ಕೋರಿ," ಎಂದಳು ಖಾತೂನ್‌ಬೀ.

ಹಂಪಣ್ಣ ಮಾತು ಕೊಟ್ಟ. ಸಮಾಧಾನಗೊಂಡ ಮಂದಿ ಕತ್ತಲಲ್ಲಿ ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಕೈಯಿಟ್ಟು ಮನೆಗೆ ನಡೆದರು. ಮಧ್ಯಾಹ್ನದ ಊಟದ ಹೊತ್ತಾಗಿತ್ತು. ದೀಪ ಹಾಕಿಕೊಂಡು ಉಂಡರು.